ತೋಟದ ಕಚೇರಿಗೂ ಹೋಂಸ್ಟೇಗೂ ಸ್ವಿಚ್‌ನಿಂದಲೇ ಐಪಿ ವಿಳಾಸ: ಡಿಎಚ್‌ಸಿಪಿ ಹೊಂದಿಸುವ ಕ್ರಮ

ಮೂಡಿಗೆರೆ, ಆಲ್ದೂರು, ಬಾಳೆಹೊನ್ನೂರು ಕಡೆಯ ಕಾಫಿ ತೋಟಗಳಲ್ಲಿ ಕಚೇರಿಯ ಕಂಪ್ಯೂಟರು, ಬಿಲ್ ಪ್ರಿಂಟರು, ಕಾಫಿ ಒಣಗಿಸುವ ಕಣದ ಸುತ್ತಲಿನ ಕ್ಯಾಮೆರಾಗಳು, ಹೋಂಸ್ಟೇಗೆ ಬಂದ ಅತಿಥಿಗಳ ಮೊಬೈಲುಗಳು ಎಲ್ಲವೂ ಒಂದೇ ಇಂಟರ್ನೆಟ್ ಸಂಪರ್ಕವನ್ನು ನೆಚ್ಚಿಕೊಂಡಿರುವುದು ಈಗ ಸಾಮಾನ್ಯವಾಗಿದೆ. ಇವಕ್ಕೆಲ್ಲ ಐಪಿ ವಿಳಾಸವನ್ನು (ಜಾಲದಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆ) ತಾನಾಗಿ ಹಂಚುವ ಕೆಲಸವನ್ನು, ಅಂದರೆ ಡಿಎಚ್‌ಸಿಪಿಯನ್ನು, ಹೆಚ್ಚಿನ ಕಡೆ ಇಂಟರ್ನೆಟ್ ಕಂಪನಿಯವರು ಕೂರಿಸಿ ಹೋದ ರೂಟರೇ ಮಾಡುತ್ತಿರುತ್ತದೆ. ಮುಂಗಾರಿನಲ್ಲಿ ಮರ ಬಿದ್ದು ಫೈಬರ್ ತುಂಡಾದರೆ ಹೋಗುವುದು ಇಂಟರ್ನೆಟ್ ಮಾತ್ರ. ಆದರೆ ಸಿಡಿಲಿಗೆ ರೂಟರ್ ಸುಟ್ಟು ಕಂಪನಿಯವರು ಬೇರೊಂದನ್ನು ತಂದು ಹಾಕಿದರೆ ವಿಳಾಸಗಳ ಏರ್ಪಾಡೇ ಬದಲಾಗಿ, ಕಂಪ್ಯೂಟರಿಗೆ ಪ್ರಿಂಟರ್ ಕಾಣದಂತಾಗುತ್ತದೆ, ರೆಕಾರ್ಡರಿಗೆ ಕ್ಯಾಮೆರಾ ಸಿಗದಂತಾಗುತ್ತದೆ. ಆದುದರಿಂದ ವಿಳಾಸ ಹಂಚುವ ಹೊಣೆಯನ್ನು ನಮ್ಮದೇ ಮ್ಯಾನೇಜ್ಡ್ ಸ್ವಿಚ್‌ಗೆ (ಆದೇಶ ಕೊಟ್ಟು ಹೊಂದಿಸಬಹುದಾದ, ಜಾಲದ ಕೇಬಲ್‌ಗಳೆಲ್ಲ ಸೇರುವ ಪೆಟ್ಟಿಗೆ) ವಹಿಸಿ, ರೂಟರನ್ನು ಹೊರಗಿನ ದಾರಿಗಷ್ಟೇ ಬಳಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ರೂಟರ್ ಎಷ್ಟು ಸಲ ಬದಲಾದರೂ ಆವರಣದ ಒಳಗಿನ ವ್ಯವಸ್ಥೆ ಆಗ ಕದಲುವುದಿಲ್ಲ.

ಇಲ್ಲಿ ಕೊಟ್ಟಿರುವ ಆದೇಶಗಳು ಸಿಸ್ಕೊ ಐಒಎಸ್ (ಸಿಸ್ಕೊ ಕಂಪನಿಯ ಜಾಲ ಸಾಧನಗಳನ್ನು ನಡೆಸುವ ತಂತ್ರಾಂಶ) ಇರುವ ಸ್ವಿಚ್‌ಗಳವು. ಅವನ್ನು ಓದಲು ಅನುಕೂಲವಾಗುವಂತೆ ಕನ್ನಡ ಲಿಪಿಯಲ್ಲಿ ಬರೆದಿದೆ. ಸ್ವಿಚ್‌ನಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು. ಬೇರೆ ಕಂಪನಿಗಳ ಸ್ವಿಚ್‌ಗಳಲ್ಲಿ ಪದಗಳು ಅಥವಾ ವೆಬ್ ಪುಟದ ಮೆನುಗಳು ಬೇರೆಯಾಗಿದ್ದರೂ ಕೆಲಸದ ಕ್ರಮ ಇದೇ.

ಮೊದಲು ನೋಡಿಕೊಳ್ಳಬೇಕಾದದ್ದು

ಮ್ಯಾನೇಜ್ಡ್ ಸ್ವಿಚ್‌ಗಳೆಲ್ಲವೂ ವಿಳಾಸ ಹಂಚುವುದಿಲ್ಲ. ಲೇಯರ್ 3 ಸ್ವಿಚ್‌ಗಳಲ್ಲಿ, ಅಂದರೆ ಬೇರೆ ಬೇರೆ ಜಾಲಗಳ ನಡುವೆ ದಾರಿ ಕೊಡಬಲ್ಲ ಸ್ವಿಚ್‌ಗಳಲ್ಲಿ, ಡಿಎಚ್‌ಸಿಪಿ ಸರ್ವರ್ ಸಾಮಾನ್ಯವಾಗಿ ಇರುತ್ತದೆ. ಕಡಿಮೆ ಬೆಲೆಯ ಹಲವು ಸ್ವಿಚ್‌ಗಳಲ್ಲಿ ರಿಲೇ (ಕೋರಿಕೆಯನ್ನು ಬೇರೆಡೆಯ ಸರ್ವರಿಗೆ ದಾಟಿಸುವುದು) ಮತ್ತು ಸ್ನೂಪಿಂಗ್ (ಬೇಡದ ಸರ್ವರ್‌ಗಳನ್ನು ತಡೆಯುವುದು) ಮಾತ್ರ ಇರುತ್ತವೆ. ಕೊಳ್ಳುವ ಮುನ್ನವೇ ಇದನ್ನು ಸ್ಪಷ್ಟಪಡಿಸಿಕೊಳ್ಳಿ. ಇನ್ನು, ಸ್ವಿಚ್‌ನ ಸ್ವಂತ ವಿಳಾಸ ಎಂದಿಗೂ ಸ್ಥಿರವಾಗಿರಬೇಕು.

ಕೆಲಸ ನಡೆಯುವ ಬಗೆಯನ್ನು ಚುಟುಕಾಗಿ ಹೇಳಬಹುದು. 1997ರ ಆರ್‌ಎಫ್‌ಸಿ 2131 ಎಂಬ ಇಂಟರ್ನೆಟ್ ಮಾನದಂಡದ ದಾಖಲೆ ನಿಗದಿಪಡಿಸಿದಂತೆ, ಜಾಲಕ್ಕೆ ಹೊಸದಾಗಿ ಸೇರಿದ ಸಾಧನವು ‘ಡಿಸ್ಕವರ್’ ಎಂಬ ಸಂದೇಶವನ್ನು ಎಲ್ಲರಿಗೂ ಕೇಳುವಂತೆ ಕಳುಹಿಸುತ್ತದೆ. ಸರ್ವರ್ ‘ಆಫರ್’ ಮೂಲಕ ಒಂದು ವಿಳಾಸವನ್ನು ಮುಂದಿಡುತ್ತದೆ. ಸಾಧನವು ‘ರಿಕ್ವೆಸ್ಟ್’ ಮೂಲಕ ಅದನ್ನೇ ಕೋರುತ್ತದೆ. ಸರ್ವರ್ ‘ಆ್ಯಕ್’ ಮೂಲಕ ಖಚಿತಪಡಿಸುತ್ತದೆ. ಈ ಮಾತುಕತೆ ಯುಡಿಪಿಯ 67 ಮತ್ತು 68ನೇ ಪೋರ್ಟ್‌ಗಳಲ್ಲಿ ನಡೆಯುತ್ತದೆ. ಎಲ್ಲರಿಗೂ ಕೇಳುವಂತೆ ಕಳುಹಿಸಿದ ಸಂದೇಶ ತನ್ನ ವಿಲ್ಯಾನ್‌ನ (ಸ್ವಿಚ್‌ನ ಒಳಗೇ ಬೇರ್ಪಡಿಸಿದ ಉಪಜಾಲ) ಗಡಿಯನ್ನು ದಾಟುವುದಿಲ್ಲವೆಂಬುದನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಕಾಗದದ ಮೇಲಿನ ಯೋಜನೆ

ಸ್ವಿಚ್ ಮುಂದೆ ಕೂರುವ ಮೊದಲು ಒಂದು ಹಾಳೆಯಲ್ಲಿ ವಿಳಾಸಗಳನ್ನು ಹಂಚಿಕೊಳ್ಳಬೇಕು. ಉದಾಹರಣೆಗೆ, ಕಚೇರಿಗೆ ವಿಲ್ಯಾನ್ 10 ಮತ್ತು 192.168.10.0, ಕ್ಯಾಮೆರಾಗಳಿಗೆ ವಿಲ್ಯಾನ್ 20 ಮತ್ತು 192.168.20.0, ಅತಿಥಿಗಳಿಗೆ ವಿಲ್ಯಾನ್ 30 ಮತ್ತು 192.168.30.0, ರೂಟರ್ ಮತ್ತು ಸ್ವಿಚ್ ನಡುವಿನ ಕೊಂಡಿಗೆ ವಿಲ್ಯಾನ್ 99 ಮತ್ತು 192.168.1.0. ಎಲ್ಲದಕ್ಕೂ ಮಾಸ್ಕ್ (ವಿಳಾಸದ ಎಷ್ಟು ಭಾಗ ಜಾಲದ್ದೆಂದು ಹೇಳುವ ಸಂಖ್ಯೆ) 255.255.255.0. ಮೊದಲ ಮೂರು ಜಾಲಗಳಲ್ಲಿ ವಿಲ್ಯಾನ್‌ನ ಸಂಖ್ಯೆ ವಿಳಾಸದ ಮೂರನೆಯ ಭಾಗದಲ್ಲೇ ಕಾಣುವುದರಿಂದ, ತೊಂದರೆಯಾದಾಗ ಫೋನಿನಲ್ಲಿ ವಿಳಾಸವನ್ನು ಓದಿಸಿ ಕೇಳಿದೊಡನೆ ಸಾಧನ ಎಲ್ಲಿ ಸಿಕ್ಕಿಕೊಂಡಿದೆಯೆಂದು ತಿಳಿಯುತ್ತದೆ.

ಅತಿಥಿಗಳ ಜಾಲದಲ್ಲಿ ಲೀಸ್ ಅವಧಿಯ, ಅಂದರೆ ಕೊಟ್ಟ ವಿಳಾಸ ಒಂದು ಸಾಧನದ ಹೆಸರಿನಲ್ಲಿರುವ ಕಾಲದ, ಲೆಕ್ಕವನ್ನು ಗಮನವಿಟ್ಟು ಮಾಡಬೇಕು. 255.255.255.0 ಮಾಸ್ಕ್ ಇರುವ ಜಾಲದಲ್ಲಿ ಬಳಸಬಹುದಾದ ವಿಳಾಸಗಳು 254. ಮೊದಲ 20ನ್ನು ಗೇಟ್‌ವೇ (ಜಾಲದಿಂದ ಹೊರಹೋಗುವ ಬಾಗಿಲು) ಮತ್ತು ಆಕ್ಸೆಸ್ ಪಾಯಿಂಟ್‌ಗಳಿಗೆ (ವೈಫೈ ಪೆಟ್ಟಿಗೆಗಳು) ಮೀಸಲಿಟ್ಟರೆ ಹಂಚಲು 234 ಉಳಿಯುತ್ತವೆ. 20 ಕೋಣೆಗಳ ಹೋಂಸ್ಟೇ, ಕೋಣೆಗೆ ಇಬ್ಬರು, ಒಬ್ಬೊಬ್ಬರ ಬಳಿ ಎರಡು ಸಾಧನ ಎಂದಿಟ್ಟುಕೊಂಡರೆ ಒಂದು ರಾತ್ರಿಗೆ 80 ವಿಳಾಸ ಬೇಕು. ಲೀಸ್ ಅವಧಿ ಏಳು ದಿನವಿದ್ದು, ಶುಕ್ರ, ಶನಿ, ಭಾನುವಾರ ಮೂರೂ ದಿನ ಹೊಸಬರೇ ಬಂದರೆ ಬೇಕಾಗುವುದು 240. ಮುಳ್ಳಯ್ಯನಗಿರಿ ನೋಡಿಕೊಂಡು ಭಾನುವಾರ ಸಂಜೆ ಬಂದಿಳಿದವರಲ್ಲಿ ಕೆಲವರಿಗೆ ವೈಫೈ ಸೇರಿದಂತೆ ಕಂಡರೂ ವಿಳಾಸ ಸಿಗುವುದಿಲ್ಲ. ಶುಕ್ರವಾರ ಬಂದು ಶನಿವಾರವೇ ಊರಿಗೆ ಹೊರಟವರ ಹೆಸರಿನಲ್ಲಿ ವಿಳಾಸಗಳು ಇನ್ನೂ ಹಿಡಿದಿಟ್ಟಿರುತ್ತವೆ. ಇದಕ್ಕೆ ದೊಡ್ಡ ಜಾಲ ಬೇಕಿಲ್ಲ, ಲೀಸ್ ಅವಧಿಯನ್ನು 12 ಗಂಟೆಗೆ ಇಳಿಸಿದರೆ ಸಾಕು. ಅವಧಿಯ ಅರ್ಧ ಕಳೆಯುತ್ತಿದ್ದಂತೆ ಸಾಧನ ತಾನಾಗಿ ನವೀಕರಣ ಕೇಳುವುದರಿಂದ, ಉಳಿದುಕೊಂಡಿರುವ ಅತಿಥಿಗೆ ಯಾವ ಅಡಚಣೆಯೂ ಆಗುವುದಿಲ್ಲ. ಕಚೇರಿಯಲ್ಲಿ ದಿನವೂ ಅವೇ ಯಂತ್ರಗಳಿರುವುದರಿಂದ ಅಲ್ಲಿ ಎಂಟು ದಿನದ ಅವಧಿಯೂ ಸರಿಯೇ. ಐಒಎಸ್‌ನಲ್ಲಿ ನಾವೇನೂ ಹೇಳದಿದ್ದರೆ ಅವಧಿ ಒಂದು ದಿನ.

ಈಗಿನ ಮೊಬೈಲುಗಳು ವೈಫೈಗೆ ತಮ್ಮ ನಿಜವಾದ ಮ್ಯಾಕ್ ವಿಳಾಸದ (ಸಾಧನಕ್ಕೆ ತಯಾರಿಕೆಯಲ್ಲೇ ಕೊಟ್ಟ ಗುರುತು) ಬದಲು ಕೃತಕವಾದ ಒಂದನ್ನು ತೋರಿಸುತ್ತವೆ. ಹಾಗಾಗಿ ಮೊಬೈಲಿಗೆ ಮ್ಯಾಕ್ ಆಧಾರದ ಮೇಲೆ ವಿಳಾಸ ಕಾಯ್ದಿರಿಸುವ ಗೋಜಿಗೆ ಹೋಗದಿರುವುದೇ ಒಳ್ಳೆಯದು.

ಸ್ವಿಚ್‌ನಲ್ಲಿ ಹೊಂದಿಸುವುದು

ಕನ್ಸೋಲ್ ಕೇಬಲ್ ಮೂಲಕ ಸ್ವಿಚ್‌ಗೆ ಸೇರಿ, ಕಾನ್ಫಿಗರೇಷನ್ ಹಂತಕ್ಕೆ ಬಂದು, ವಿಲ್ಯಾನ್‌ಗಳನ್ನು ಸೃಷ್ಟಿಸಿ, ಪ್ರತಿಯೊಂದಕ್ಕೂ ಗೇಟ್‌ವೇ ವಿಳಾಸವನ್ನು ಕೊಡಬೇಕು. ಅತಿಥಿಗಳ ವಿಲ್ಯಾನ್‌ಗೆ ಅದು ಹೀಗಿರುತ್ತದೆ:

ಐಪಿ ರೂಟಿಂಗ್
ವಿಲ್ಯಾನ್ 30
ಇಂಟರ್‌ಫೇಸ್ ವಿಲ್ಯಾನ್ 30
ಐಪಿ ಅಡ್ರೆಸ್ 192.168.30.1 255.255.255.0
ನೋ ಶಟ್‌ಡೌನ್

ಅನಂತರ ಹಂಚಬಾರದ ವಿಳಾಸಗಳನ್ನು ಮೊದಲು ಹೊರಗಿಟ್ಟು, ಆಮೇಲೆ ಪೂಲ್ (ಹಂಚಬೇಕಾದ ವಿಳಾಸಗಳ ಗುಂಪು) ರಚಿಸಬೇಕು. ಈ ಕ್ರಮವನ್ನು ತಿರುಗಿಸಿದರೆ, ಪೂಲ್ ತೆರೆದ ಕ್ಷಣದಿಂದಲೇ ಹಂಚಿಕೆ ಶುರುವಾಗಿ, ಆಕ್ಸೆಸ್ ಪಾಯಿಂಟ್‌ಗೆಂದು ಇಟ್ಟುಕೊಂಡ ವಿಳಾಸ ಯಾರದೋ ಮೊಬೈಲಿಗೆ ಹೋಗಿರುವ ಸಾಧ್ಯತೆ ಇದೆ.

ಐಪಿ ಡಿಎಚ್‌ಸಿಪಿ ಎಕ್ಸ್‌ಕ್ಲೂಡೆಡ್-ಅಡ್ರೆಸ್ 192.168.30.1 192.168.30.20
ಐಪಿ ಡಿಎಚ್‌ಸಿಪಿ ಪೂಲ್ ಅತಿಥಿ
ನೆಟ್‌ವರ್ಕ್ 192.168.30.0 255.255.255.0
ಡಿಫಾಲ್ಟ್-ರೂಟರ್ 192.168.30.1
ಡಿಎನ್‌ಎಸ್-ಸರ್ವರ್ 8.8.8.8 1.1.1.1
ಲೀಸ್ 0 12

‘ಡಿಎನ್‌ಎಸ್-ಸರ್ವರ್’ ಎಂದರೆ ಜಾಲತಾಣದ ಹೆಸರಿಗೆ ಅದರ ಐಪಿ ವಿಳಾಸ ಹುಡುಕಿಕೊಡುವ ಸರ್ವರ್. ‘ಲೀಸ್’ ಮುಂದಿನ ಮೊದಲ ಅಂಕಿ ದಿನ, ಎರಡನೆಯದು ಗಂಟೆ. ಯಾವ ಪೂಲ್ ಯಾವ ವಿಲ್ಯಾನ್‌ಗೆ ಎಂಬುದನ್ನು ಎಲ್ಲಿಯೂ ಬರೆದಿಲ್ಲವೆಂಬುದನ್ನು ಗಮನಿಸಿ: ಕೋರಿಕೆ ಬಂದ ವಿಲ್ಯಾನ್‌ನ ಗೇಟ್‌ವೇ ವಿಳಾಸವನ್ನು ನೋಡಿ, ಅದೇ ಜಾಲಕ್ಕೆ ಸೇರಿದ ಪೂಲ್ ಅನ್ನು ಸ್ವಿಚ್ ತಾನೇ ಆರಿಸಿಕೊಳ್ಳುತ್ತದೆ. ಪೂಲ್‌ನ ಜಾಲ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿದರೂ ಸ್ವಿಚ್ ದೋಷವೆಂದು ಹೇಳುವುದಿಲ್ಲ, ಸುಮ್ಮನೆ ಉತ್ತರಿಸದೆ ಉಳಿಯುತ್ತದೆ. ಕಚೇರಿಗೂ ಇದೇ ರೀತಿ ಪೂಲ್ ರಚಿಸಿಕೊಳ್ಳಿ.

ಕ್ಯಾಮೆರಾ ಮತ್ತು ಪ್ರಿಂಟರ್‌ಗಳ ವಿಳಾಸ ಬದಲಾಗಬಾರದು. ಒಂದೊಂದು ಕ್ಯಾಮೆರಾದ ಒಳಗೂ ಕೈಯಾರೆ ವಿಳಾಸ ತುಂಬುವುದಕ್ಕಿಂತ ಸ್ವಿಚ್‌ನಲ್ಲೇ ಕಾಯ್ದಿರಿಸುವುದನ್ನು ನಾನು ಮೆಚ್ಚುತ್ತೇನೆ. ಇಡೀ ಪಟ್ಟಿ ಒಂದೇ ಕಡೆ ಇರುತ್ತದೆ, ಮುಂದೆ ಈ ಕೆಲಸಕ್ಕೆ ಬರುವವರು ಏಣಿ ಹತ್ತಬೇಕಾಗುವುದಿಲ್ಲ. ಐಒಎಸ್‌ನಲ್ಲಿ ಇದಕ್ಕೆ ಪ್ರತಿ ಸಾಧನಕ್ಕೂ ಪ್ರತ್ಯೇಕ ಪೂಲ್ ಬೇಕು. ಅದರಲ್ಲಿ ‘ಹೋಸ್ಟ್ 192.168.20.31 255.255.255.0’ ಎಂದು ಬರೆದು, ಕೆಳಗೆ ‘ಕ್ಲೈಂಟ್-ಐಡೆಂಟಿಫೈಯರ್’ ಎಂಬ ಆದೇಶದಲ್ಲಿ ಸಾಧನದ ಮ್ಯಾಕ್ ವಿಳಾಸವನ್ನು ಮುಂದೆ 01 ಸೇರಿಸಿ ಕೊಡಬೇಕು. ಈ 01 ಈಥರ್‌ನೆಟ್ ಎಂಬುದರ ಗುರುತು. ಇದು ಬಿಟ್ಟುಹೋದರೆ ಕಾಯ್ದಿರಿಸಿದ ವಿಳಾಸ ಸಾಧನಕ್ಕೆ ಸೇರುವುದೇ ಇಲ್ಲ. ಕ್ಲೈಂಟ್ ಗುರುತನ್ನು ಕಳುಹಿಸದ ಸಾಧನಗಳೂ ಇವೆ. ಅಂಥವಕ್ಕೆ ‘ಹಾರ್ಡ್‌ವೇರ್-ಅಡ್ರೆಸ್’ ಆದೇಶದಲ್ಲಿ ಮ್ಯಾಕ್ ವಿಳಾಸವನ್ನು 01 ಇಲ್ಲದೆ ಕೊಡಬೇಕು.

ಹೊರಗಿನ ದಾರಿಗೆ ‘ಐಪಿ ರೂಟ್ 0.0.0.0 0.0.0.0 192.168.1.1’ ಎಂಬ ಆದೇಶ ಸಾಕು. ಆದರೆ ಮರಳಿ ಬರುವ ದಾರಿಯನ್ನು ಅನೇಕರು ಮರೆಯುತ್ತಾರೆ. 192.168.30.0 ಎಂಬ ಜಾಲವೊಂದು ಸ್ವಿಚ್‌ನ ಹಿಂದೆ ಇದೆಯೆಂಬುದು ರೂಟರಿಗೆ ತಿಳಿದಿರುವುದಿಲ್ಲ. ಸ್ವಿಚ್‌ನ ವಿಲ್ಯಾನ್ 99ರ ವಿಳಾಸ 192.168.1.2 ಆಗಿದ್ದರೆ, ಮೂರೂ ಜಾಲಗಳಿಗೆ ಆ ವಿಳಾಸದ ಮೂಲಕ ಹೋಗಬೇಕೆಂದು ರೂಟರಿನ ಸ್ಟ್ಯಾಟಿಕ್ ರೂಟ್ ಪುಟದಲ್ಲಿ ಬರೆಯಬೇಕು. ಕಂಪನಿಯವರು ಕೊಟ್ಟ ರೂಟರಿನಲ್ಲಿ ಆ ಪುಟವೇ ಇಲ್ಲದಿದ್ದರೆ, ನಡುವೆ ನಮ್ಮದೇ ಒಂದು ಚಿಕ್ಕ ರೂಟರ್ ಇಡುವುದು ಲೇಸು. ಆಗ ಕಂಪನಿಯ ರೂಟರ್ ಬದಲಾದಾಗ ಈ ದಾರಿಗಳನ್ನು ಮತ್ತೆ ಬರೆಯುವ ಕೆಲಸವೂ ತಪ್ಪುತ್ತದೆ. ನಡುವಿನ ಕೊಂಡಿಯಲ್ಲಿ ರೂಟರಿನ ಡಿಎಚ್‌ಸಿಪಿಯನ್ನು ನಿಲ್ಲಿಸಿಬಿಡಿ.

ಅತಿಥಿಗಳನ್ನು ಬೇರೆಯಾಗಿಡುವುದು

‘ಐಪಿ ರೂಟಿಂಗ್’ ಕೊಟ್ಟೊಡನೆ ವಿಲ್ಯಾನ್‌ಗಳ ನಡುವೆ ಸಂಚಾರ ತೆರೆದುಕೊಳ್ಳುತ್ತದೆ; ಅತಿಥಿಯ ಲ್ಯಾಪ್‌ಟಾಪಿನಿಂದ ಕಚೇರಿಯ ಕಂಪ್ಯೂಟರನ್ನು ತಲುಪಬಹುದು. ಆದ್ದರಿಂದ ವಿಲ್ಯಾನ್ 30ರ ಒಳಬರುವ ದಿಕ್ಕಿಗೆ ಒಂದು ಆಕ್ಸೆಸ್ ಲಿಸ್ಟ್ (ಯಾವ ಸಂಚಾರವನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂಬ ಪಟ್ಟಿ) ಹಾಕಲೇಬೇಕು. ಇಲ್ಲಿ ಸೂಕ್ಷ್ಮವಾದ ಒಂದು ತೊಡಕಿದೆ. 192.168 ಎಂದು ಶುರುವಾಗುವ ಎಲ್ಲ ವಿಳಾಸಗಳನ್ನೂ ತಡೆದು ಉಳಿದದ್ದನ್ನು ಬಿಟ್ಟರೆ ಮೊದಲ ದಿನ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಏಕೆಂದರೆ ಮೊದಲ ಕೋರಿಕೆ ಹೋಗುವುದು 255.255.255.255ಕ್ಕೆ. ನವೀಕರಣದ ಕೋರಿಕೆಯಾದರೋ ನೇರವಾಗಿ 192.168.30.1ಕ್ಕೆ ಹೋಗುತ್ತದೆ, ಮತ್ತು ನಾವೇ ಹಾಕಿದ ತಡೆಗೆ ಸಿಕ್ಕಿ ಬೀಳುತ್ತದೆ. ಅವಧಿಯ ಎಂಟರಲ್ಲಿ ಏಳು ಭಾಗ ಕಳೆದ ಮೇಲೆ ಸಾಧನ ಮತ್ತೆ ಎಲ್ಲರಿಗೂ ಕೇಳುವಂತೆ ಕೂಗಿದಾಗ ವಿಳಾಸ ಉಳಿದುಕೊಳ್ಳುವುದರಿಂದ ದೋಷ ಮುಚ್ಚಿಹೋಗುತ್ತದೆ. ಹಾಗಾಗಿ ಲಿಸ್ಟ್‌ನ ಮೊದಲ ಸಾಲಿನಲ್ಲಿ ಯುಡಿಪಿ 67ನೇ ಪೋರ್ಟ್‌ಗೆ ಅನುಮತಿ ಕೊಟ್ಟು, ಎರಡನೆಯದರಲ್ಲಿ 192.168.0.0 0.0.255.255ಕ್ಕೆ ಹೋಗುವುದನ್ನು ತಡೆದು, ಮೂರನೆಯದರಲ್ಲಿ ಉಳಿದೆಲ್ಲಕ್ಕೂ ಅನುಮತಿ ಕೊಡಬೇಕು. ಅತಿಥಿಗಳಿಗೆ ಹೊರಗಿನ ಡಿಎನ್‌ಎಸ್ ವಿಳಾಸಗಳನ್ನು ಕೊಟ್ಟಿರುವುದೂ ಇದೇ ಕಾರಣಕ್ಕೆ.

ಮತ್ತೊಬ್ಬ ಸರ್ವರ್ ಬಾಯಿ ಹಾಕದಂತೆ

ಕಾಟೇಜಿನಲ್ಲಿ ಸಿಗ್ನಲ್ ಕಡಿಮೆಯೆಂದು ಯಾರೋ ಮನೆಯ ಹಳೆಯ ವೈಫೈ ರೂಟರ್ ತಂದು, ಅದರ ಲ್ಯಾನ್ ಪೋರ್ಟನ್ನು ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿದರೆ, ಅದು ತನ್ನದೇ ವಿಳಾಸಗಳನ್ನು ಹಂಚಲು ತೊಡಗುತ್ತದೆ. ಮೊದಲು ಉತ್ತರಿಸಿದವರ ಮಾತನ್ನು ಸಾಧನಗಳು ನಂಬುತ್ತವೆ. ಡಿಎಚ್‌ಸಿಪಿ ಸ್ನೂಪಿಂಗ್ ಇರುವುದು ಇದನ್ನು ತಡೆಯಲೆಂದೇ. ‘ಐಪಿ ಡಿಎಚ್‌ಸಿಪಿ ಸ್ನೂಪಿಂಗ್’ ಮತ್ತು ‘ಐಪಿ ಡಿಎಚ್‌ಸಿಪಿ ಸ್ನೂಪಿಂಗ್ ವಿಲ್ಯಾನ್ 10,20,30’ ಎಂಬ ಎರಡು ಆದೇಶಗಳ ನಂತರ, ನಂಬಿಕೆಯೆಂದು ಗುರುತಿಸದ ಪೋರ್ಟ್‌ಗಳಿಂದ ಬರುವ ಆಫರ್‌ಗಳನ್ನು ಸ್ವಿಚ್ ಬಿಸಾಡುತ್ತದೆ.

ಕಾಟೇಜುಗಳ ಬಳಿ ಇನ್ನೊಂದು ಸ್ವಿಚ್ ಇದ್ದರೆ, ಅದರಲ್ಲಿ ಮುಖ್ಯ ಸ್ವಿಚ್ ಕಡೆಗಿನ ಪೋರ್ಟ್‌ಗೆ ‘ಐಪಿ ಡಿಎಚ್‌ಸಿಪಿ ಸ್ನೂಪಿಂಗ್ ಟ್ರಸ್ಟ್’ ಕೊಡಬೇಕು. ಜೊತೆಗೆ ಅಲ್ಲಿ ‘ನೋ ಐಪಿ ಡಿಎಚ್‌ಸಿಪಿ ಸ್ನೂಪಿಂಗ್ ಇನ್ಫರ್ಮೇಷನ್ ಆಪ್ಷನ್’ ಎಂದೂ ಕೊಡಿ. ಇಲ್ಲವಾದರೆ ಆ ಸ್ವಿಚ್ ಪ್ರತಿ ಕೋರಿಕೆಗೂ 82ನೇ ಆಪ್ಷನ್ (ಕೋರಿಕೆ ಯಾವ ಪೋರ್ಟ್‌ನಿಂದ ಬಂತೆಂಬ ಗುರುತು) ಅಂಟಿಸಿ ಕಳುಹಿಸುತ್ತದೆ, ಮುಖ್ಯ ಸ್ವಿಚ್ ಅದನ್ನು ಅನುಮಾನಿಸಿ ತಿರಸ್ಕರಿಸುತ್ತದೆ, ಎರಡೂ ಕಡೆ ಕಾನ್ಫಿಗರೇಷನ್ ಸರಿಯಾಗಿ ಕಾಣುತ್ತಿದ್ದರೂ ಕಾಟೇಜಿನಲ್ಲಿ ಯಾರಿಗೂ ವಿಳಾಸ ಸಿಗುವುದಿಲ್ಲ.

ಕಂಪ್ಯೂಟರು ಮತ್ತು ಕ್ಯಾಮೆರಾ ಸೇರುವ ಪೋರ್ಟ್‌ಗಳಿಗೆ ‘ಸ್ಪ್ಯಾನಿಂಗ್-ಟ್ರೀ ಪೋರ್ಟ್‌ಫಾಸ್ಟ್’ ಕೊಡಿ. ಜಾಲದಲ್ಲಿ ಸಂದೇಶಗಳು ಸುತ್ತುತ್ತಲೇ ಇರದಂತೆ ತಡೆಯುವ ಹಳೆಯ ಸ್ಪ್ಯಾನಿಂಗ್ ಟ್ರೀ ಕ್ರಮದಲ್ಲಿ ಪೋರ್ಟ್ ತೆರೆಯಲು 30 ಸೆಕೆಂಡ್ ಹಿಡಿಯುತ್ತದೆ, ಅಷ್ಟರೊಳಗೆ ಕೆಲವು ಸಾಧನಗಳು ಕೇಳಿ ಸುಸ್ತಾಗಿ ನಿಲ್ಲಿಸಿಬಿಟ್ಟಿರುತ್ತವೆ.

ಕರೆಂಟು ಹೋಗಿ ಬಂದಾಗ

‘ಕಾಪಿ ರನ್ನಿಂಗ್-ಕಾನ್ಫಿಗ್ ಸ್ಟಾರ್ಟಪ್-ಕಾನ್ಫಿಗ್’ ಕೊಡದಿದ್ದರೆ ಮಾಡಿದ ಕೆಲಸವೆಲ್ಲ ಮುಂದಿನ ಕರೆಂಟು ಕಡಿತಕ್ಕೆ ಅಳಿಸಿಹೋಗುತ್ತದೆ. ಅದನ್ನು ಉಳಿಸಿದ ಮೇಲೂ, ಯಾರಿಗೆ ಯಾವ ವಿಳಾಸ ಕೊಟ್ಟಿದೆಯೆಂಬ ಲೆಕ್ಕ ಸ್ವಿಚ್‌ನ ತಾತ್ಕಾಲಿಕ ನೆನಪಿನಲ್ಲಷ್ಟೇ ಇರುತ್ತದೆ. ಅದನ್ನು ಬೇರೆಡೆ ಕಡತವಾಗಿ ಬರೆದಿಡಲು ‘ಐಪಿ ಡಿಎಚ್‌ಸಿಪಿ ಡೇಟಾಬೇಸ್’ ಆದೇಶವಿದೆ. ಮಲೆನಾಡಿನ ಮಳೆಗಾಲದಲ್ಲಿ ಇದಕ್ಕಿಂತ ಮುಖ್ಯವಾದದ್ದು ಸ್ವಿಚ್‌ಗೆ ಯುಪಿಎಸ್ ಕೊಡುವುದು. ಸ್ವಿಚ್ ಏಳಲು ಕೆಲವು ನಿಮಿಷ ತೆಗೆದುಕೊಳ್ಳುತ್ತದೆ, ಕ್ಯಾಮೆರಾಗಳು ಅದಕ್ಕಿಂತ ಬೇಗ ಎದ್ದು, ಉತ್ತರ ಸಿಗದೆ, ಕೆಲವು ತಮ್ಮ ಕಾರ್ಖಾನೆಯ ವಿಳಾಸಕ್ಕೇ ಅಂಟಿಕೊಂಡು ಕೂರುತ್ತವೆ.

ಪರೀಕ್ಷೆ

ವಿಂಡೋಸ್ ಕಂಪ್ಯೂಟರಿನಲ್ಲಿ ‘ಐಪಿಕಾನ್ಫಿಗ್ /ರಿಲೀಸ್’, ಅನಂತರ ‘ಐಪಿಕಾನ್ಫಿಗ್ /ರಿನ್ಯೂ’ ಕೊಟ್ಟು ಸಿಕ್ಕ ವಿಳಾಸವನ್ನು ನೋಡಿ. 169.254 ಎಂದು ಶುರುವಾಗಿದ್ದರೆ ಯಾವ ಸರ್ವರೂ ಉತ್ತರಿಸಿಲ್ಲ. ಪೋರ್ಟ್‌ನ ವಿಲ್ಯಾನ್, ಪೂಲ್‌ನ ಜಾಲ ಸಂಖ್ಯೆ ಮತ್ತು ಸ್ನೂಪಿಂಗ್ ಈ ಮೂರನ್ನು ಇದೇ ಕ್ರಮದಲ್ಲಿ ಪರಿಶೀಲಿಸಿ. ನಮ್ಮ ಹಾಳೆಯಲ್ಲಿ ಇಲ್ಲದ ಜಾಲದ ವಿಳಾಸ ಬಂದಿದ್ದರೆ ಎಲ್ಲೋ ಇನ್ನೊಂದು ರೂಟರ್ ಹಂಚುತ್ತಿದೆ. ವಿಳಾಸ ಸರಿಯಿದ್ದು ಗೇಟ್‌ವೇಗೆ ಕಚೇರಿಯಿಂದ ಪಿಂಗ್ ಹೋಗುತ್ತಿದ್ದು ಇಂಟರ್ನೆಟ್ ಮಾತ್ರ ಬಾರದಿದ್ದರೆ, ರೂಟರಿನಲ್ಲಿ ಮರಳುವ ದಾರಿಯನ್ನು ನೋಡಿ. ಸ್ವಿಚ್‌ನಲ್ಲಿ ‘ಶೋ ಐಪಿ ಡಿಎಚ್‌ಸಿಪಿ ಬೈಂಡಿಂಗ್’ ಯಾರಿಗೆ ಯಾವ ವಿಳಾಸ ಹೋಗಿದೆಯೆಂದು ತೋರಿಸುತ್ತದೆ, ‘ಶೋ ಐಪಿ ಡಿಎಚ್‌ಸಿಪಿ ಪೂಲ್’ ಎಷ್ಟು ಬಳಕೆಯಾಗಿವೆಯೆಂದು ತೋರಿಸುತ್ತದೆ. ಉದ್ದ ರಜೆಯ ವಾರಾಂತ್ಯದಲ್ಲಿ ಎರಡನೆಯದನ್ನು ಒಮ್ಮೆ ನೋಡಿದರೆ ಲೀಸ್ ಅವಧಿಯನ್ನು ಇನ್ನೂ ಇಳಿಸಬೇಕೇ ಎಂಬುದು ಗೊತ್ತಾಗುತ್ತದೆ. ಒಂದೇ ವಿಳಾಸ ಇಬ್ಬರ ಬಳಿ ಕಂಡುಬಂದಾಗ ಸ್ವಿಚ್ ಅದನ್ನು ಹಂಚಿಕೆಯಿಂದ ತೆಗೆದು ‘ಶೋ ಐಪಿ ಡಿಎಚ್‌ಸಿಪಿ ಕಾನ್‌ಫ್ಲಿಕ್ಟ್’ ಪಟ್ಟಿಗೆ ಸೇರಿಸುತ್ತದೆ. ಕೈಯಾರೆ ಆ ವಿಳಾಸ ತುಂಬಿಕೊಂಡಿರುವ ಸಾಧನವನ್ನು ಹುಡುಕಿ ಸರಿಪಡಿಸಿದ ಮೇಲೆಯೇ ‘ಕ್ಲಿಯರ್ ಐಪಿ ಡಿಎಚ್‌ಸಿಪಿ ಕಾನ್‌ಫ್ಲಿಕ್ಟ್’ ಕೊಟ್ಟು ಅದನ್ನು ಹಂಚಿಕೆಗೆ ಮರಳಿಸಬೇಕು.