ರೇಕ್ಯಾವಿಕ್‌ನಲ್ಲಿ ಸಿನಿಮಾದ ಲೆಕ್ಕ ಬರೆಯುವ ಕೆಲಸ

ಐಸ್‌ಲ್ಯಾಂಡಿನ ಒಟ್ಟು ಜನಸಂಖ್ಯೆ ನಾಲ್ಕು ಲಕ್ಷಕ್ಕಿಂತ ಕಡಿಮೆ. ಬೆಂಗಳೂರಿನ ಕೆಲವು ವಿಧಾನಸಭಾ ಕ್ಷೇತ್ರಗಳಲ್ಲಿಯೇ ಅದಕ್ಕಿಂತ ಹೆಚ್ಚು ಮತದಾರರಿದ್ದಾರೆ. ಇಷ್ಟೇ ಜನರಿರುವ ದೇಶ ತನ್ನದೇ ಭಾಷೆಯಲ್ಲಿ ಪ್ರತಿವರ್ಷ ಚಲನಚಿತ್ರಗಳನ್ನೂ ದೂರದರ್ಶನ ಧಾರಾವಾಹಿಗಳನ್ನೂ ತಯಾರಿಸುತ್ತದೆ, ಅದರ ಜೊತೆಗೆ ಅಮೆರಿಕದ ದೊಡ್ಡ ಸ್ಟುಡಿಯೊಗಳಿಗೆ ಹಿಮನದಿ, ಕಪ್ಪು ಮರಳಿನ ತೀರ ಮತ್ತು ಲಾವಾ ಬಯಲುಗಳನ್ನು ಒದಗಿಸುತ್ತದೆ. ಗಾಂಧಿನಗರದಲ್ಲಿ ಲೆಕ್ಕದ ಕೆಲಸ ಕಲಿತು, ಸಂಸಾರದ ಕಾರಣದಿಂದ ರೇಕ್ಯಾವಿಕ್‌ಗೆ ಬಂದು ನೆಲೆಸಿದ ನಾನು ಇಲ್ಲಿ ಪ್ರೊಡಕ್ಷನ್ ಅಕೌಂಟೆಂಟ್ ಆಗಿ ಎರಡೂ ಬಗೆಯ ಚಿತ್ರಗಳ ಪುಸ್ತಕ ಬರೆದಿದ್ದೇನೆ. ಒಂದು ಉದ್ಯಮದ ಆರೋಗ್ಯ ಅದರ ಪ್ರಶಸ್ತಿಗಳಿಗಿಂತ ಅದರ ಲೆಡ್ಜರಿನಲ್ಲಿ ಚೆನ್ನಾಗಿ ಕಾಣುತ್ತದೆ ಎಂಬುದು ನನ್ನ ವೃತ್ತಿಯವರ ಪಕ್ಷಪಾತವಿರಬಹುದು. ಆದರೂ ನಾನು ಹೇಳಬಲ್ಲದ್ದು ಅಲ್ಲಿಂದ ಕಂಡದ್ದನ್ನು ಮಾತ್ರ.

ಇಲ್ಲಿ ಸರ್ಕಾರದ ಹಣ ಎರಡು ಬೇರೆ ಬೇರೆ ಗಂಟುಗಳಿಂದ ಬರುತ್ತದೆ. ಮೊದಲನೆಯದು ಚಲನಚಿತ್ರ ನಿಧಿ. 1978ರ ಕಾನೂನಿನಿಂದ ಹುಟ್ಟಿದ ಈ ನಿಧಿಯನ್ನು 2003ರಿಂದ ಐಸ್‌ಲ್ಯಾಂಡ್ ಚಲನಚಿತ್ರ ಕೇಂದ್ರ ನಿರ್ವಹಿಸುತ್ತಿದೆ. ಇಲ್ಲಿ ಚಿತ್ರಕಥೆಯನ್ನು ಸಲಹೆಗಾರರು ಓದುತ್ತಾರೆ, ಅದರ ಗುಣ ತೂಗುತ್ತಾರೆ, ಬರವಣಿಗೆಗೆ, ಪೂರ್ವಸಿದ್ಧತೆಗೆ ಮತ್ತು ನಿರ್ಮಾಣಕ್ಕೆ ಬೇರೆ ಬೇರೆಯಾಗಿ ಅನುದಾನ ಕೊಡುತ್ತಾರೆ. ಎರಡನೆಯದು ಮರುಪಾವತಿ. 1999ರ ಕಾನೂನಿನ ಪ್ರಕಾರ ಐಸ್‌ಲ್ಯಾಂಡಿನಲ್ಲಿ ಆದ ನಿರ್ಮಾಣ ವೆಚ್ಚದ ಒಂದು ಪಾಲನ್ನು ಸರ್ಕಾರ ಹಿಂದಿರುಗಿಸುತ್ತದೆ. ನಿರ್ಮಾಪಕ ಸ್ಥಳೀಯನೋ ಹೊರಗಿನವನೋ ಎಂಬ ಭೇದವಿಲ್ಲ, ಚಿತ್ರ ಒಳ್ಳೆಯದೋ ಕೆಟ್ಟದ್ದೋ ಎಂದು ಯಾರೂ ಕೇಳುವುದಿಲ್ಲ. ದೇಶದ ಸಂಸ್ಕೃತಿ, ಇತಿಹಾಸ, ನಿಸರ್ಗಗಳ ಪ್ರಚಾರಕ್ಕೆ ನೆರವಾಗುವುದು ಕಾನೂನಿನ ಉದ್ದೇಶವೆಂದು ಬರೆದಿದ್ದರೂ ವ್ಯವಹಾರದಲ್ಲಿ ಮಾತನಾಡುವುದು ಬಿಲ್ಲುಗಳೇ. ಕರ್ನಾಟಕದಲ್ಲಿ ಚಿತ್ರ ಮುಗಿದ ಮೇಲೆ ಸಮಿತಿಯೊಂದು ನೋಡಿ ಸಹಾಯಧನ ನಿರ್ಧರಿಸುವ ಪದ್ಧತಿಗೆ ಒಗ್ಗಿಕೊಂಡಿದ್ದ ನನಗೆ, ಯಾರೂ ಚಿತ್ರ ನೋಡಿ ಅಂಕ ಹಾಕದೆ ಹಣ ಬರುತ್ತದೆ ಎಂಬುದು ಮೊದಮೊದಲು ವಿಚಿತ್ರವೆನಿಸಿತ್ತು.

ಮರುಪಾವತಿಯ ಪ್ರಮಾಣ ಆರಂಭದಲ್ಲಿ ಶೇ. 12 ಇತ್ತು, 2006ರಲ್ಲಿ ಶೇ. 14 ಆಯಿತು. 2008ರ ಅಕ್ಟೋಬರ್‌ನಲ್ಲಿ ದೇಶದ ಮೂರು ದೊಡ್ಡ ಬ್ಯಾಂಕುಗಳು ಒಂದರ ಹಿಂದೆ ಒಂದು ಕುಸಿದು ಇಲ್ಲಿನ ನಾಣ್ಯವಾದ ಕ್ರೋನದ ಬೆಲೆ ಸುಮಾರು ಅರ್ಧಕ್ಕೆ ಇಳಿದಾಗ, ಸರ್ಕಾರ ಮರುವರ್ಷವೇ ಪ್ರಮಾಣವನ್ನು ಶೇ. 20ಕ್ಕೆ ಏರಿಸಿತು. ಅಗ್ಗವಾದ ಹಣ ಮತ್ತು ಏರಿದ ಮರುಪಾವತಿ ಕೂಡಿಬಂದದ್ದರಿಂದಲೇ ಮುಂದಿನ ಕೆಲವು ವರ್ಷಗಳಲ್ಲಿ ‘ಗೇಮ್ ಆಫ್ ಥ್ರೋನ್ಸ್’ ತಂಡ ವತ್ನಾಯೋಕುಲ್ ಹಿಮರಾಶಿಯ ಅಂಚಿಗೂ, ‘ಇಂಟರ್‌ಸ್ಟೆಲ್ಲರ್’ ತಂಡ ಸ್ವಿನಾಫೆಲ್ಸ್‌ಯೋಕುಲ್ ಹಿಮನದಿಗೂ ಬಂದವು ಎಂದು ಇಲ್ಲಿನ ಹಳಬರು ಹೇಳುತ್ತಾರೆ; ಲೆಕ್ಕದವನಾಗಿ ನನಗೂ ಅದು ಒಪ್ಪಿಗೆ. ಆ ನಂತರ ಪ್ರವಾಸಿಗಳು ನುಗ್ಗಿ ಬಂದು ಕ್ರೋನ ಮತ್ತೆ ಬಲಗೊಂಡಿತು, ಹೋಟೆಲು ದುಬಾರಿಯಾಯಿತು. 2017ರಿಂದ ಪ್ರಮಾಣ ಶೇ. 25. 2022ರಲ್ಲಿ ದೊಡ್ಡ ಯೋಜನೆಗಳಿಗೆ ಶೇ. 35 ಎಂದು ಕಾನೂನು ತಿದ್ದುಪಡಿಯಾಯಿತು. ಅದಕ್ಕೆ ಅರ್ಹವಾಗಲು ದೇಶದೊಳಗಿನ ವೆಚ್ಚ ಕನಿಷ್ಠ 35 ಕೋಟಿ ಕ್ರೋನ ಆಗಿರಬೇಕು, ಕನಿಷ್ಠ 30 ದಿನಗಳ ಕೆಲಸ ಇಲ್ಲಿಯೇ ನಡೆಯಬೇಕು, ಕನಿಷ್ಠ 50 ಮಂದಿ ನೇರವಾಗಿ ಯೋಜನೆಯಲ್ಲಿ ತೊಡಗಿರಬೇಕು.

ಹೊರಗಿನ ಚಿತ್ರವೊಂದು ಬರುತ್ತದೆ ಎಂದಾಗ ನನ್ನ ಕೆಲಸ ಕ್ಯಾಮೆರಾ ವಿಮಾನ ಹತ್ತುವುದಕ್ಕೆ ಬಹಳ ಮೊದಲೇ ಆರಂಭವಾಗುತ್ತದೆ, ಏಕೆಂದರೆ ಇಲ್ಲಿ ಚಿತ್ರೀಕರಣ ಶುರುವಾಗುವ ಮೊದಲೇ ಅರ್ಜಿ ಸಲ್ಲಿಕೆಯಾಗಿರಬೇಕು. ಯೋಜನೆಗಾಗಿಯೇ ಪ್ರತ್ಯೇಕ ಸ್ಥಳೀಯ ಕಂಪನಿ ಇಲ್ಲವೆ ಶಾಖೆ ನೋಂದಣಿಯಾಗಬೇಕು. ಆಮೇಲೆ ನಾನು ಬಜೆಟ್ಟಿನ ಪ್ರತಿಯೊಂದು ಸಾಲಿನ ಪಕ್ಕದಲ್ಲಿ ಇನ್ನೊಂದು ಕಾಲಂ ಎಳೆಯುತ್ತೇನೆ: ಈ ವೆಚ್ಚ ಮರುಪಾವತಿಗೆ ಸಲ್ಲುತ್ತದೆಯೋ ಇಲ್ಲವೋ. ಚಿತ್ರೀಕರಣ ಮುಗಿದ ಮೇಲೆ ಬಿಲ್ಲುಗಳನ್ನು ಗುಡ್ಡೆ ಹಾಕಿಕೊಂಡು ಬೇರ್ಪಡಿಸಲು ಕೂತ ಲೆಕ್ಕಿಗರನ್ನು ನಾನು ನೋಡಿದ್ದೇನೆ. ವಾರಗಟ್ಟಲೆ ತಲೆ ಕೆರೆದುಕೊಂಡರೂ ಅವರ ಕೈಗೆ ಸಿಗುವ ಮೊತ್ತ, ದಿನದ ದಿನವೇ ವಿಂಗಡಿಸಿದವರಿಗೆ ಸಿಗುವುದಕ್ಕಿಂತ ಕಡಿಮೆಯೇ ಇರುತ್ತದೆ. ಏಕೆಂದರೆ ಯಾವುದೋ ಫಾರ್ಮಿನ ರೈತನಿಂದ ಬಾಡಿಗೆಗೆ ಪಡೆದ ಟ್ರ್ಯಾಕ್ಟರಿನ ರಸೀದಿಯನ್ನು ಎರಡು ತಿಂಗಳ ನಂತರ ಹುಡುಕಲಾಗದು.

ಇಲ್ಲಿ ಎಲ್ಲದಕ್ಕೂ ಆಧಾರ ಕೆನ್ನಿತಾಲಾ ಎಂಬ ಹತ್ತು ಅಂಕಿಗಳ ಗುರುತಿನ ಸಂಖ್ಯೆ. ವ್ಯಕ್ತಿಗಳಲ್ಲಿ ಮೊದಲ ಆರು ಅಂಕಿಗಳು ಹುಟ್ಟಿದ ದಿನಾಂಕ. ಕಂಪನಿಗಳಿಗೂ ಇಂತಹ ಸಂಖ್ಯೆಯಿದೆ. ಅದಿಲ್ಲದ ಬಿಲ್ಲು ನನ್ನ ಮೇಜಿನ ಮೇಲೆ ಬಂದರೆ ತಕ್ಷಣ ವಾಪಸು ಹೋಗುತ್ತದೆ. ಜನರನ್ನು ಮೊದಲ ಹೆಸರಿನಿಂದಲೇ ಕರೆಯುವ, ಟೆಲಿಫೋನ್ ಡೈರೆಕ್ಟರಿಯನ್ನೂ ಮೊದಲ ಹೆಸರಿನ ಕ್ರಮದಲ್ಲಿಯೇ ಮುದ್ರಿಸಿದ ಈ ದೇಶದಲ್ಲಿ ಎರಡನೆಯ ಹೆಸರು ಮನೆತನದ್ದಲ್ಲ, ಸಾಮಾನ್ಯವಾಗಿ ತಂದೆಯದು. ತಂದೆಯ ಹೆಸರನ್ನು ಇನಿಷಿಯಲ್ಲಿನಲ್ಲಿ ಹೊತ್ತು ತಿರುಗುವ ನನಗೆ ಅದೇನೂ ಹೊಸದಲ್ಲ. ಆದರೆ ಲಾಸ್ ಏಂಜಲೀಸಿನಿಂದ ಬಂದ ಲೆಕ್ಕದ ತಂಡಕ್ಕೆ ವೇತನಪಟ್ಟಿಯಲ್ಲಿ ಯೋನ್ ಎಂಬ ಒಂದೇ ಹೆಸರಿನ ನಾಲ್ವರನ್ನು ಬೇರ್ಪಡಿಸಿ ತೋರಿಸುವುದು ಪ್ರತಿಸಲದ ಪಾಠ.

ವೇತನವೇ ಅತಿ ಸೂಕ್ಷ್ಮವಾದ ಭಾಗ. ಕಾನೂನು ಹೇಳುವಂತೆ ಕೆಲಸಗಾರರಿಗೂ ಗುತ್ತಿಗೆದಾರರಿಗೂ ಕೊಟ್ಟ ಹಣ ಐಸ್‌ಲ್ಯಾಂಡಿನಲ್ಲಿ ತೆರಿಗೆಗೆ ಒಳಪಟ್ಟಿದೆ ಎಂದು ದಾಖಲೆ ಸಹಿತ ತೋರಿಸಿದರೆ ಮಾತ್ರ ಅದು ನಿರ್ಮಾಣ ವೆಚ್ಚವೆನಿಸುತ್ತದೆ. ಆದ್ದರಿಂದ ಸಂಭಾವನೆಯ ತೆರಿಗೆಯನ್ನು ತನ್ನ ಊರಿನಲ್ಲಿಯೇ ಕಟ್ಟುವ ನಟನ ಮೊತ್ತ ಎಷ್ಟು ದೊಡ್ಡದಾದರೂ ನನ್ನ ಕಾಲಂಗೆ ಬರುವುದಿಲ್ಲ, ಅದೇ ಚಿತ್ರದಲ್ಲಿ ಕೇಬಲ್ ಎಳೆಯುವ ಇಲ್ಲಿನ ಹುಡುಗನ ದಿನಗೂಲಿ ಬರುತ್ತದೆ. ಇನ್ನು ಸಂಬಳದ ಮೇಲಿನ ಹೊರೆ: ಕನಿಷ್ಠ ಶೇ. 10.17 ರಜಾ ವೇತನ, ಪಿಂಚಣಿ ನಿಧಿಗೆ ಮಾಲೀಕರ ಪಾಲು ಶೇ. 11.5, ಅದರ ಮೇಲೆ ಸಾಮಾಜಿಕ ಭದ್ರತೆಯ ತೆರಿಗೆ, ಕಾರ್ಮಿಕ ಸಂಘದ ನಿಧಿಗಳು. ನೂರು ಕ್ರೋನ ಎಂದು ಮಾತಾದರೆ ಕಂಪನಿಯಿಂದ ಹೋಗುವುದು ನೂರಮೂವತ್ತಕ್ಕೂ ಹೆಚ್ಚು. ಗಾಂಧಿನಗರದಲ್ಲಿ ಸಂಜೆ ಪ್ಯಾಕಪ್ ಆದ ಮೇಲೆ ಮ್ಯಾನೇಜರ್ ಬಾಟಾ ಎಂಬ ದಿನಭತ್ಯೆ ಹಂಚುತ್ತಿದ್ದುದನ್ನು ಕಂಡ ನನಗೆ, ನೋಟಿನ ಮುಖವನ್ನೇ ನೋಡದೆ ಇಡೀ ಯೂನಿಟ್ಟಿನ ಬಟವಾಡೆ ಮಾಡುವುದು ಅಭ್ಯಾಸವಾಗಲು ಸ್ವಲ್ಪ ಕಾಲ ಹಿಡಿಯಿತು.

ಹವಾಮಾನ ಮತ್ತು ಬೆಳಕು ಕೂಡ ಲೆಕ್ಕದ ವಿಷಯಗಳೇ. ಡಿಸೆಂಬರ್ ಕೊನೆಯಲ್ಲಿ ರೇಕ್ಯಾವಿಕ್‌ನಲ್ಲಿ ಸೂರ್ಯ ಹನ್ನೊಂದೂವರೆಯ ಹೊತ್ತಿಗೆ ಮೂಡಿ ಮೂರೂವರೆಗೆ ಮುಳುಗುತ್ತಾನೆ. ಹೊರಾಂಗಣದ ದೃಶ್ಯಗಳಿಗೆ ಸಿಗುವುದು ಅಷ್ಟೇ ಹೊತ್ತು. ಜೂನ್‌ನಲ್ಲಿ ಕತ್ತಲೆಯೇ ಆಗುವುದಿಲ್ಲ, ಆಗ ನಿರ್ದೇಶಕರಿಗೆ ನಿಲ್ಲಿಸಬೇಕೆಂಬ ಮನಸ್ಸೂ ಆಗುವುದಿಲ್ಲ. ಆದರೆ ಎರಡು ದಿನಗಳ ಕೆಲಸದ ನಡುವೆ ಹನ್ನೊಂದು ಗಂಟೆಗಳ ವಿಶ್ರಾಂತಿ ಕಡ್ಡಾಯ. ಅದನ್ನು ಕೊರೆದರೆ ಪರಿಹಾರ ಕಟ್ಟಿಕೊಡಬೇಕು, ಮರುದಿನದ ಕಾಲ್‌ಶೀಟ್ ತಡವಾಗಿ ಶುರುವಾಗುತ್ತದೆ. ನಡುನಾಡಿನ ಬೆಟ್ಟದ ರಸ್ತೆಗಳು ಹಿಮ ಕರಗಿ ತೆರೆಯುವುದು ಜೂನ್ ಮುಗಿಯುತ್ತ ಬಂದಾಗ ಅಥವಾ ಜುಲೈನಲ್ಲಿ. ಚಳಿಗಾಲದಲ್ಲಿ ಹವಾಮಾನ ಇಲಾಖೆ ಕಿತ್ತಳೆ ಬಣ್ಣದ ಎಚ್ಚರಿಕೆ ಹೊರಡಿಸಿದರೆ ರಸ್ತೆಗಳು ಮುಚ್ಚುತ್ತವೆ, ಐವತ್ತು ಜನ ಹೋಟೆಲಿನಲ್ಲಿ ಕುಳಿತು ಕಾಫಿ ಕುಡಿಯುತ್ತಾರೆ, ಸಂಬಳ ನಿಲ್ಲುವುದಿಲ್ಲ. ಹೀಗಾಗಿ ಚಳಿಗಾಲದ ಬಜೆಟ್ಟಿನಲ್ಲಿ ಕೆಟ್ಟ ಹವೆಯ ದಿನಗಳಿಗೆಂದೇ ಒಂದು ಸಾಲನ್ನು ನಾನು ಇಡುತ್ತೇನೆ, ಅದನ್ನು ಕತ್ತರಿಸೋಣ ಎಂದು ಬರುವ ನಿರ್ಮಾಪಕರಿಗೆ ಬೇರೆ ಯಾವ ಸಾಲನ್ನಾದರೂ ತೋರಿಸುತ್ತೇನೆ.

ಕೆಲಸ ಮುಗಿದ ಮೇಲೆ ಲೆಕ್ಕಪರಿಶೋಧನೆಯಾದ ವೆಚ್ಚಪಟ್ಟಿಯೊಂದಿಗೆ ಮರುಪಾವತಿಗೆ ಹೋಗಬೇಕು. ಹಣ ಖಂಡಿತ ಬರುತ್ತದೆ, ಆದರೆ ಖರ್ಚಾದ ಮೇಲೆ ಬರುತ್ತದೆ. ದೊಡ್ಡ ಸ್ಟುಡಿಯೊಗೆ ಇದು ಲೆಕ್ಕಕ್ಕಿಲ್ಲದ ವಿಳಂಬ. ಇಬ್ಬರು ಮೂವರು ನಡೆಸುವ ಸ್ಥಳೀಯ ಸಂಸ್ಥೆಗೆ ಅದೇ ಅವಧಿ ಉಸಿರು ಬಿಗಿಹಿಡಿಯುವ ಕಾಲ: ಬರಬೇಕಾದ ಮರುಪಾವತಿಯನ್ನೇ ತೋರಿಸಿ ಬ್ಯಾಂಕಿನಿಂದ ಸಾಲ ತರಬೇಕು, ಬಡ್ಡಿ ತೆರಬೇಕು.

ಸ್ಥಳೀಯ ಚಿತ್ರದ ಹಣಕಾಸು ಹೊಂದಿಸುವುದು ಇನ್ನೊಂದೇ ವಿದ್ಯೆ. ನಿಧಿಯಿಂದ ಮೊದಲು ಒಂದು ಆಶ್ವಾಸನೆ ಪತ್ರ ಸಿಗುತ್ತದೆ. ಅದನ್ನು ಹಿಡಿದುಕೊಂಡು ಉಳಿದ ಹಣವನ್ನು ಗಡುವಿನೊಳಗೆ ಜೋಡಿಸಬೇಕು. ಡೆನ್ಮಾರ್ಕ್ ಅಥವಾ ಫ್ರಾನ್ಸಿನ ಸಹನಿರ್ಮಾಪಕರು, ನಾರ್ಡಿಕ್ ದೇಶಗಳ ಜಂಟಿ ನಿಧಿ, ಯೂರೋಪಿನ ಯೂರಿಮಾಜ್ ನಿಧಿ, ಸಾರ್ವಜನಿಕ ಪ್ರಸಾರ ಸಂಸ್ಥೆ ರೂವ್‌ನ ಮುಂಗಡ ಖರೀದಿ, ಕೊನೆಗೆ ಮರುಪಾವತಿ. ನಿಧಿಯ ಅನುದಾನ ಮತ್ತು ಮರುಪಾವತಿ ಕೂಡಿ ಒಟ್ಟು ವೆಚ್ಚದ ಶೇ. 85 ಮೀರುವಂತಿಲ್ಲ, ಅಷ್ಟಕ್ಕೆ ಹತ್ತಿರ ಹೋಗುವ ಭಾಗ್ಯವೂ ನನ್ನ ಪುಸ್ತಕಗಳಿಗೆ ಬಂದಿಲ್ಲ. ಸ್ಥಳೀಯರಿಗೆ ಒಂದು ಒಳ್ಳೆಯ ನಿಯಮವಿದೆ: ಒಟ್ಟು ವೆಚ್ಚದ ಶೇ. 80ಕ್ಕಿಂತ ಹೆಚ್ಚು ಇಲ್ಲಿಯೇ ಆಗಿದ್ದರೆ, ಯೂರೋಪಿನ ಆರ್ಥಿಕ ವಲಯದ ಬೇರೆ ದೇಶಗಳಲ್ಲಿ ಆದ ವೆಚ್ಚವನ್ನೂ ಸೇರಿಸಿ ಮರುಪಾವತಿ ಲೆಕ್ಕ ಹಾಕಬಹುದು. ಧ್ವನಿಮಿಶ್ರಣಕ್ಕೆ ಕೋಪನ್‌ಹೇಗನ್ನಿಗೆ ಹೋಗಬೇಕೋ ಬೇಡವೋ ಎಂಬುದನ್ನು ಎಷ್ಟೋ ಸಲ ಈ ಶೇಕಡಾವಾರು ಲೆಕ್ಕವೇ ತೀರ್ಮಾನಿಸಿದೆ.

ರೂವ್ ಬಗ್ಗೆ ಎರಡು ಮಾತು. ಅದರ ದೂರದರ್ಶನ ಪ್ರಸಾರ ಆರಂಭವಾದದ್ದು 1966ರಲ್ಲಿ. ಅದಕ್ಕೂ ಮೊದಲೇ ಕೆಫ್ಲಾವಿಕ್‌ನಲ್ಲಿದ್ದ ಅಮೆರಿಕದ ಸೇನಾ ನೆಲೆಯ ಪ್ರಸಾರವನ್ನು ಜನ ಮನೆಗಳಲ್ಲಿ ನೋಡುತ್ತಿದ್ದರು, ಅದರಿಂದ ಭಾಷೆಗೆ ಕುತ್ತು ಎಂದು ಬುದ್ಧಿಜೀವಿಗಳು ವಿರೋಧಿಸಿದ್ದರು. 1987ರವರೆಗೆ ಗುರುವಾರ ಪ್ರಸಾರವೇ ಇರುತ್ತಿರಲಿಲ್ಲ, 1983ರವರೆಗೆ ಜುಲೈ ತಿಂಗಳಿಡೀ ರಜೆ. ಅಂತಹ ವಾಹಿನಿ 2015ರಲ್ಲಿ ನಿರ್ದೇಶಕ ಬಾಲ್ಟಸಾರ್ ಕೊರ್ಮಾಕುರ್ ಅವರ ‘ಓಫೆರ್ದ್’ ಧಾರಾವಾಹಿಯನ್ನು ಪ್ರಸಾರ ಮಾಡಿತು. ಪೂರ್ವ ಕರಾವಳಿಯ ಸೇಯ್ದಿಸ್‌ಫ್ಯೋರ್ದುರ್‌ನಲ್ಲಿ ನಡೆಯುವ ಕಥೆಯ ಬಹುಭಾಗವನ್ನು ಉತ್ತರದ ಸಿಗ್ಲುಫ್ಯೋರ್ದುರ್‌ನಲ್ಲಿ ಚಿತ್ರೀಕರಿಸಿದ್ದ ಅದು ಅನೇಕ ದೇಶಗಳಿಗೆ ಮಾರಾಟವಾಯಿತು. ಐಸ್‌ಲ್ಯಾಂಡಿಕ್ ಭಾಷೆಯನ್ನು ಸಬ್‌ಟೈಟಲ್ಲಿನೊಂದಿಗೆ ಹೊರಗಿನವರು ನೋಡುತ್ತಾರೆಂದು ಸಾಬೀತಾದ ಮೇಲೆ ಸ್ಥಳೀಯ ಧಾರಾವಾಹಿಗಳ ಬಜೆಟ್ಟುಗಳು ಬೇರೆ ಎತ್ತರಕ್ಕೆ ಹೋದವು. ಈಗ ಸಹನಿರ್ಮಾಪಕರನ್ನು ಹುಡುಕುವಾಗ ಚಲನಚಿತ್ರಕ್ಕಿಂತ ಧಾರಾವಾಹಿಗೆ ಬಾಗಿಲು ಬೇಗ ತೆರೆಯುತ್ತದೆ.

ತೊಂದರೆ ಇರುವುದು ಕೈಗಳ ಸಂಖ್ಯೆಯಲ್ಲಿ. ಇಲ್ಲಿ ಬೆಳಕಿನ ವಿಭಾಗದ ಮುಖ್ಯಸ್ಥರಾದ ಒಳ್ಳೆಯ ಗ್ಯಾಫರ್‌ಗಳನ್ನೂ ಲೊಕೇಶನ್ ಮ್ಯಾನೇಜರ್‌ಗಳನ್ನೂ ಬಹುಮಟ್ಟಿಗೆ ಹೆಸರು ಹೇಳಿ ಎಣಿಸಬಹುದು. ಅಲಾಸ್ಕಾದ ಕಥೆಯನ್ನು ಹೇಳುವ ‘ಟ್ರೂ ಡಿಟೆಕ್ಟಿವ್’ ಸರಣಿಯ ನಾಲ್ಕನೆಯ ಭಾಗ 2022ರ ಕೊನೆಯಿಂದ ಮರುವರ್ಷದ ವಸಂತದವರೆಗೆ ಇಲ್ಲಿ ಚಿತ್ರೀಕರಣಗೊಂಡಿತು. ಅಷ್ಟು ದೊಡ್ಡ ನಿರ್ಮಾಣವನ್ನು ದೇಶ ಅದುವರೆಗೆ ಕಂಡಿರಲಿಲ್ಲ. ಇಂತಹ ತಂಡಗಳು ತಿಂಗಳುಗಟ್ಟಲೆ ನಿಶ್ಚಿತ ಕೆಲಸ ಕೊಡುತ್ತವೆ, ಹುಡುಗರು ಹುಡುಗಿಯರು ಹೊಸ ಉಪಕರಣಗಳ ಮೇಲೆ ಕೈ ಪಳಗಿಸಿಕೊಳ್ಳುತ್ತಾರೆ, ದಿನದ ದರವೂ ಏರುತ್ತದೆ. ಏರಿದ ದರ ಆಮೇಲೆ ಇಳಿಯುವುದಿಲ್ಲ. ಆ ದರಕ್ಕೆ ಹೊಂದಿಕೊಳ್ಳುವಷ್ಟು ನಿಧಿಯೂ ಬೆಳೆದಿದ್ದರೆ ದೂರಲು ಏನೂ ಇರುತ್ತಿರಲಿಲ್ಲ. ಆದರೆ ಮರುಪಾವತಿಯನ್ನು ಶೇ. 35ಕ್ಕೆ ಏರಿಸಿದ ಬೆನ್ನಿಗೇ ಚಲನಚಿತ್ರ ನಿಧಿಗೆ ಬಜೆಟ್ಟಿನಲ್ಲಿ ಕಡಿತವಾಯಿತು. ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆಯಿರಿ ಎನ್ನುವವನು ನಾನಲ್ಲ. ಮರುಪಾವತಿಯಿಂದ ಬರುವ ವಿದೇಶಿ ಹಣವೇ ಇಲ್ಲಿನ ಉಪಕರಣ ಬಾಡಿಗೆಯ ಅಂಗಡಿಗಳನ್ನು ಜೀವಂತವಾಗಿ ಇಟ್ಟಿದೆ. ಆದರೆ ಐಸ್‌ಲ್ಯಾಂಡಿಕ್ ಭಾಷೆಯ ಸಂಭಾಷಣೆ ಬರೆಸುವುದು ನಿಧಿಯ ಹಣ ಮಾತ್ರ, ಹೊರಗಿನವರಿಗೆ ಬೇಕಾದದ್ದು ಇಲ್ಲಿನ ಬೆಟ್ಟ. ಹೀಗಾಗಿ 35 ಕೋಟಿ ಕ್ರೋನದ ಮಿತಿಯನ್ನು ಚಲನಚಿತ್ರಗಳಿಗೆ ಇನ್ನಷ್ಟು ಇಳಿಸಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ನಾನು ಲೆಕ್ಕ ಬರೆದ ಸ್ಥಳೀಯ ಚಲನಚಿತ್ರಗಳಲ್ಲಿ ಒಂದೂ ಅದನ್ನು ಮುಟ್ಟಲಿಲ್ಲ, ಎಲ್ಲವೂ ಶೇ. 25ರಲ್ಲಿಯೇ ಮುಗಿದವು.

ಸದ್ಯಕ್ಕೆ ನಾವು ಕಂಡುಕೊಂಡ ಉಪಾಯ ಕ್ಯಾಲೆಂಡರಿನದು. ಹೊರಗಿನ ಯಾವ ತಂಡ ಯಾವ ತಿಂಗಳು ಬರುತ್ತದೆ ಎಂಬುದು ಅವರಿಗೆ ಇಲ್ಲಿ ಚಿತ್ರೀಕರಣ ನಡೆಸಿಕೊಡುವ ಸಂಸ್ಥೆಗಳಲ್ಲಿ ಮೊದಲೇ ತಿಳಿದಿರುತ್ತದೆ, ಊರು ಚಿಕ್ಕದಾದ್ದರಿಂದ ಈಜುಕೊಳದ ಬಿಸಿನೀರಿನ ತೊಟ್ಟಿಯಲ್ಲಿ ಕುಳಿತವರಿಗೂ ತಿಳಿದಿರುತ್ತದೆ. ಸ್ಥಳೀಯ ಚಿತ್ರದ ವೇಳಾಪಟ್ಟಿಯನ್ನು ನಾನು ಛಾಯಾಗ್ರಾಹಕರ ಬಿಡುವಿಗಿಂತ ಮೊದಲು ಈ ಸುದ್ದಿಗೆ ಹೊಂದಿಸುತ್ತೇನೆ, ಮುಖ್ಯ ತಂತ್ರಜ್ಞರಿಗೆ ಚಿಕ್ಕದಾದರೂ ಒಂದು ಮುಂಗಡ ಕೊಟ್ಟು ದಿನಗಳನ್ನು ಬರೆಸಿಕೊಳ್ಳುತ್ತೇನೆ, ಆ ಮುಂಗಡವನ್ನು ನಿಧಿಯ ಮೊದಲ ಕಂತಿನಿಂದಲೇ ತೆಗೆಯುತ್ತೇನೆ.