‘ಕಾಸುಸ್ ಬೆಲ್ಲಿ’ಯನ್ನು ಕನ್ನಡದಲ್ಲಿ ಬರೆಯುವ ಬಗೆ

ಯುದ್ಧದ ಸುದ್ದಿಯನ್ನೋ ಚರಿತ್ರೆಯನ್ನೋ ಕನ್ನಡಕ್ಕೆ ತರುವಾಗ ‘ಕಾಸುಸ್ ಬೆಲ್ಲಿ’ ಎಂಬ ಲ್ಯಾಟಿನ್ ಮಾತು ಎದುರಾದರೆ ಕೂಡಲೇ ‘ಯುದ್ಧದ ಕಾರಣ’ ಎಂದು ಬರೆದುಬಿಡಬೇಡಿ. ಮೊದಲು ಪದವನ್ನು ಬಿಡಿಸಿ ನೋಡಿ. ‘ಬೆಲ್ಲುಮ್’ ಎಂದರೆ ಯುದ್ಧ, ‘ಬೆಲ್ಲಿ’ ಅದರ ಷಷ್ಠೀ ರೂಪ. ‘ಕಾಸುಸ್’ ಬಂದಿರುವುದು ಬೀಳು ಎಂಬ ಅರ್ಥದ ಕ್ರಿಯಾಪದದಿಂದ. ಆದ್ದರಿಂದ ಅದು ಒದಗಿಬಂದ ಘಟನೆ, ಪ್ರಸಂಗ; ಎರಡೂ ಸೇರಿದರೆ ಯುದ್ಧಕ್ಕೆ ಎಡೆಮಾಡಿಕೊಡುವ ಘಟನೆ. (ವಿಭಕ್ತಿಗೂ ಲ್ಯಾಟಿನ್ ವೈಯಾಕರಣರು ಇದೇ ಪದವನ್ನು ಬಳಸಿದರು.) ಕಾರಣಕ್ಕೆ ‘ಕೌಸಾ’ ಎಂಬ ಬೇರೆಯೇ ಪದವಿದೆ. ಎರಡೂ ಕಿವಿಗೆ ಹತ್ತಿರವಾದ್ದರಿಂದ ತಪ್ಪು ನುಸುಳುತ್ತದೆ.

ನಮ್ಮಲ್ಲಿ ಇದಕ್ಕೆ ‘ನಿಮಿತ್ತ’ ಎಂಬ ಸೊಗಸಾದ ಪದ ಸಿದ್ಧವಾಗಿದೆ. ‘ನೆಪ’ ಎಂದು ಬರೆದರೆ ಅದು ಸುಳ್ಳೆಂದು ನೀವೇ ತೀರ್ಪು ಕೊಟ್ಟಂತಾಗುತ್ತದೆ.

ಈ ಪದಪುಂಜವನ್ನು ರೂಢಿಗೆ ತಂದವರು ಆಧುನಿಕ ಯುರೋಪಿನ ನ್ಯಾಯವಿದರು ಮತ್ತು ರಾಜತಾಂತ್ರಿಕರು; ಆದರೆ ಯುದ್ಧಕ್ಕೆ ಮುನ್ನ ದೂರನ್ನು ಬಹಿರಂಗವಾಗಿ ಸಾರಬೇಕೆಂಬ ಭಾವನೆ ರೋಮಿನಷ್ಟೇ ಹಳೆಯದು. ಅಲ್ಲಿ ಫೆಟಿಯಾಲೆಸ್ ಎಂಬ ಪುರೋಹಿತವರ್ಗವಿತ್ತು. ಇತಿಹಾಸಕಾರ ಲಿವಿ ವರ್ಣಿಸುವಂತೆ, ಅವರಲ್ಲೊಬ್ಬ ತಲೆಗೆ ಉಣ್ಣೆಯ ಪಟ್ಟಿ ಕಟ್ಟಿಕೊಂಡು ಶತ್ರುವಿನ ಗಡಿಯಲ್ಲಿ ನಿಂತು, ಜೂಪಿಟರ್ ದೇವನನ್ನು ಸಾಕ್ಷಿಯಾಗಿ ಕರೆದು ತಮ್ಮ ಬೇಡಿಕೆಯನ್ನು ಹೇಳುತ್ತಿದ್ದ. ಗಡಿ ದಾಟಿ ಮೊದಲು ಎದುರಾದವನಿಗೂ, ಊರಬಾಗಿಲಲ್ಲೂ, ಸಂತೆಕಟ್ಟೆಯಲ್ಲೂ ಅದನ್ನೇ ಹೇಳುತ್ತಿದ್ದ. 33 ದಿನಗಳಲ್ಲಿ ಪರಿಹಾರ ಸಿಗದಿದ್ದರೆ, ಹಿರಿಯರ ಸಭೆ ಒಪ್ಪಿದ ಮೇಲೆ, ಕನಿಷ್ಠ ಮೂವರು ವಯಸ್ಕರ ಎದುರು ಶತ್ರುನೆಲಕ್ಕೆ ಈಟಿ ಎಸೆಯಲಾಗುತ್ತಿತ್ತು.

ಬರೆಯುವಾಗ, ನಿಮಿತ್ತವನ್ನು ಮುಂದಿಟ್ಟವರು ಯಾರೆಂದು ವಾಕ್ಯದಲ್ಲೇ ತಿಳಿಸಿ. 1914ರ ಜೂನ್ 28ರಂದು ಸರಾಯೆವೊದಲ್ಲಿ ನಡೆದ ತನ್ನ ಯುವರಾಜನ ಹತ್ಯೆ, ಮೊದಲ ಮಹಾಯುದ್ಧಕ್ಕೆ ಆಸ್ಟ್ರಿಯಾ-ಹಂಗೆರಿ ಮುಂದಿಟ್ಟ ನಿಮಿತ್ತ. ಕಾರಣಗಳನ್ನು ಬಾಲ್ಕನ್ ಪೈಪೋಟಿಯಲ್ಲಿ, ಮೈತ್ರಿಕೂಟಗಳಲ್ಲಿ ಹುಡುಕಬೇಕು. ಮೂರನೆಯ ಮೈಸೂರು ಯುದ್ಧಕ್ಕೂ ಇದೇ ಎಚ್ಚರ ಬೇಕು. ‘ಟಿಪ್ಪುವಿನ ದಾಳಿಯಿಂದ ಯುದ್ಧವಾಯಿತು’ ಎಂಬುದು ಅರ್ಧ ಮಾತು. ‘1789ರ ಡಿಸೆಂಬರ್‌ನಲ್ಲಿ ಟಿಪ್ಪು ತಿರುವಾಂಕೂರಿನ ಕೋಟೆಸಾಲಿನ ಮೇಲೆ ನಡೆಸಿದ ದಾಳಿಯನ್ನು, ಆ ರಾಜ್ಯ 1784ರ ಮಂಗಳೂರು ಒಪ್ಪಂದದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮಿತ್ರನೆಂದು ಹೆಸರಿಸಲ್ಪಟ್ಟಿದ್ದರಿಂದ, ಕಂಪನಿ ಯುದ್ಧಕ್ಕೆ ನಿಮಿತ್ತವಾಗಿಸಿತು’ ಎಂದರೆ ಓದುಗನಿಗೆ ಪೂರ್ತಿ ತಿಳಿಯುತ್ತದೆ.

ನಡೆಯದ ಘಟನೆಗೂ ಈ ಮಾತು ಸಲ್ಲುತ್ತದೆ: ಏಜಿಯನ್ ಸಮುದ್ರದಲ್ಲಿ ಗ್ರೀಸ್ ತನ್ನ ಜಲಗಡಿಯನ್ನು 12 ನಾಟಿಕಲ್ ಮೈಲಿಗೆ ಚಾಚಿದರೆ ಅದು ಕಾಸುಸ್ ಬೆಲ್ಲಿ ಎಂಬುದು 1995ರಿಂದ ಟರ್ಕಿಯ ನಿಲುವು. ಇಂಥಲ್ಲಿ ‘ಯುದ್ಧಕ್ಕೆ ನಿಮಿತ್ತವಾದೀತು’ ಎಂದೇ ಬರೆಯಿರಿ.