ಹಚ್ಚೆಯ ಹಕ್ಕಳೆ ಉದುರುವ ತನಕ

ಮುಂಗೈಗೆ ಹಚ್ಚೆ ಹಾಕಿಸಿಕೊಳ್ಳುವುದೆಂದು ತೀರ್ಮಾನವಾದ ಮೇಲೆ ನಾನು ಮೊದಲು ಲೆಕ್ಕ ಹಾಕಿದ್ದು ಹಬ್ಬಗಳನ್ನು. ಹೊಸ ಹಚ್ಚೆ ಎಂದರೆ ಗಾಯ. ಅದರ ಮೇಲ್ಮೈ ಕೂಡಿಕೊಳ್ಳಲು ಎರಡು ಮೂರು ವಾರ ಬೇಕು, ಒಳಪದರ ಪೂರ್ತಿ ಸುಧಾರಿಸಲು ಎರಡು ಮೂರು ತಿಂಗಳೇ ಹಿಡಿಯಬಹುದು. ಆ ನಡುವೆ ಅಭ್ಯಂಜನ ಬಂದರೆ ಎಣ್ಣೆ, ಸುಡುನೀರು, ಸೀಗೆಪುಡಿ ಮೂರೂ ಗಾಯದ ಮೇಲೆ ಬೀಳುತ್ತವೆ. ಮನೆಯಲ್ಲಿ ಮದುವೆ ಬಂದರೆ ಅರಿಶಿನ ಹಚ್ಚುವ ಶಾಸ್ತ್ರ, ಕೈತುಂಬ ಬಳೆ. ಬೇಸಿಗೆಯಾದರೆ ಬೆವರು. ಹೀಗೆಲ್ಲ ಅಳೆದು ಸುರಿದು, ನರಕ ಚತುರ್ದಶಿಯ ಎಣ್ಣೆಸ್ನಾನ ಮುಗಿದು ಯುಗಾದಿಯ ಎಣ್ಣೆಸ್ನಾನ ಇನ್ನೂ ದೂರವಿರುವ ಕಾರ್ತಿಕ ಮಾಸವನ್ನು ಆರಿಸಿಕೊಂಡೆ. ಆ ತಿಂಗಳ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ಇರುತ್ತದೆ, ನಮ್ಮ ಬೀದಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅದು ಗೊತ್ತಿದ್ದೇ ಒಪ್ಪಿಕೊಂಡ ತೊಡಕು.

ನಾನು ಹಾಕಿಸಿಕೊಂಡದ್ದು ಚುಕ್ಕಿ ರಂಗೋಲಿ. ಮುಂಗೈಯ ಒಳಬದಿ, ಕಪ್ಪು ಶಾಯಿ ಮಾತ್ರ. ಬಣ್ಣ ಬೇಡವೆಂದದ್ದಕ್ಕೆ ಕಾರಣವಿತ್ತು: ಹಚ್ಚೆಯ ಬಣ್ಣಗಳ ಪೈಕಿ ಅಲರ್ಜಿಗೆ ಹೆಚ್ಚು ಹೆಸರಾದದ್ದು ಕೆಂಪು. ಯುರೋಪ್ ಒಕ್ಕೂಟ 2022ರ ಜನವರಿಯಿಂದ ಹಚ್ಚೆ ಶಾಯಿಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ರಾಸಾಯನಿಕಗಳಿಗೆ ಮಿತಿ ಹೇರಿದೆ. ನಮ್ಮಲ್ಲಿಯೂ 2025ರಲ್ಲಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಶಾಯಿಯ ಮಾದರಿಗಳಲ್ಲಿ 22 ಬಗೆಯ ಲೋಹಗಳು ಕಂಡುಬಂದಿವೆ ಎಂದು ಹೇಳಿದ್ದನ್ನು ಪತ್ರಿಕೆಯಲ್ಲಿ ಓದಿದ್ದೆ. ಕಪ್ಪು ಶಾಯಿ ಪರಮ ಪವಿತ್ರ ಎಂದು ನಾನು ಹೇಳುತ್ತಿಲ್ಲ, ಬಗೆಬಗೆಯ ಶಾಯಿಗಳಿಗಿಂತ ಒಂದೇ ಶಾಯಿ ಮೇಲು ಎಂಬುದಷ್ಟೇ ನನ್ನ ಲೆಕ್ಕ. ಸೂಜಿಯ ಪೊಟ್ಟಣವನ್ನು ನನ್ನ ಕಣ್ಣೆದುರೇ ಒಡೆಯಬೇಕು, ಶಾಯಿಯನ್ನು ಹೊಸ ಬಟ್ಟಲಿಗೆ ಸುರಿಯಬೇಕು ಎಂದು ಮೊದಲೇ ಹೇಳಿದ್ದೆ. ಜಯನಗರದ ಆ ಪುಟ್ಟ ಅಂಗಡಿಯ ಹುಡುಗಿ ನಾನು ಹೇಳುವ ಮೊದಲೇ ಅದನ್ನೆಲ್ಲ ಮಾಡುತ್ತಿದ್ದಳು. ಕಿವಿ ಚುಚ್ಚಿಸಿದಾಗ ಗಾಯದ ಜಾಗ ಗಂಟು ಕಟ್ಟಿ ಉಬ್ಬಿತ್ತೇ, ಸಕ್ಕರೆ ಕಾಯಿಲೆ ಇದೆಯೇ ಎಂದೂ ವಿಚಾರಿಸಿದಳು. ಉಬ್ಬುವ ಚರ್ಮದವರಿಗೆ ಹಚ್ಚೆಯೂ ಉಬ್ಬಬಹುದು, ಸಕ್ಕರೆ ಹಿಡಿತದಲ್ಲಿ ಇಲ್ಲದವರಿಗೆ ಗಾಯ ನಿಧಾನವಾಗಿ ಮಾಯುತ್ತದೆ. ಈ ಪ್ರಶ್ನೆಗಳನ್ನು ಕೇಳದ ಅಂಗಡಿಯಿಂದ ಎದ್ದು ಬರುವುದು ಒಳ್ಳೆಯದು.

ಕೆಲಸ ಮುಗಿದ ಕೂಡಲೇ ಜಾಗವನ್ನು ಒರೆಸಿ ಪಾರದರ್ಶಕ ಪಾಲಿಯುರಿಥೇನ್ ಪಟ್ಟಿ ಅಂಟಿಸಿದಳು. ಆಸ್ಪತ್ರೆಯಲ್ಲಿ ಡ್ರಿಪ್ ಸೂಜಿಯ ಮೇಲೆ ಅಂಟಿಸುತ್ತಾರಲ್ಲ, ಅದರದೇ ಜಾತಿ. ಒಳಗಿನ ತೇವ ಆವಿಯಾಗಿ ಹೊರಗೆ ಹೋಗುತ್ತದೆ, ಹೊರಗಿನ ನೀರು ಧೂಳು ಒಳಗೆ ಬರುವುದಿಲ್ಲ. ತಿಂಡಿ ಸುತ್ತುವ ತೆಳು ಪ್ಲಾಸ್ಟಿಕ್ ಹಾಳೆಯನ್ನೇ ಸುತ್ತಿ ಕಳಿಸುವವರೂ ಇದ್ದಾರೆ. ಅದು ಮನೆ ಸೇರುವ ತನಕದ ರಕ್ಷಣೆ ಮಾತ್ರ. ಗಾಳಿಯಾಡದ ಆ ಹಾಳೆಯೊಳಗೆ ರಾತ್ರಿಯಿಡೀ ಬೆವರಿದರೆ ನಂಜಾಗುವ ಅಪಾಯವಿದೆ.

ಸಂಜೆಯ ಹೊತ್ತಿಗೆ ಪಟ್ಟಿಯ ಅಡಿಯಲ್ಲಿ ಕಪ್ಪು ಕೆಂಪು ಕಲೆತ ದ್ರವ ತುಂಬಿಕೊಂಡಿತು. ಚುಕ್ಕಿಗಳೆಲ್ಲ ಅದರೊಳಗೆ ಮುಳುಗಿಹೋಗಿದ್ದವು. ಕೈ ಓರೆ ಮಾಡಿದರೆ ದ್ರವ ಒಂದು ಅಂಚಿಗೆ ಜಾರಿ ಗುಳ್ಳೆ ಕಟ್ಟುತ್ತಿತ್ತು. ನೋಡಿದವರಿಗೆ ಹಚ್ಚೆಯೇ ಕರಗಿ ಹೋಗುತ್ತಿದೆ ಅನ್ನಿಸಬೇಕು, ನನ್ನ ಮಗನಿಗೆ ಅನ್ನಿಸಿತು ಕೂಡ. ಅದು ಪ್ಲಾಸ್ಮಾ, ಸ್ವಲ್ಪ ರಕ್ತ, ಚರ್ಮ ಹಿಡಿದುಕೊಳ್ಳದೆ ಬಿಟ್ಟ ಹೆಚ್ಚುವರಿ ಶಾಯಿ. ಉಳಿಯಬೇಕಾದ ಶಾಯಿ ಒಂದೆರಡು ಮಿಲಿಮೀಟರ್ ಕೆಳಗೆ, ಒಳಚರ್ಮದಲ್ಲಿ ಇರುತ್ತದೆ. ಅಲ್ಲಿ ಮ್ಯಾಕ್ರೋಫೇಜ್ ಎಂಬ ರಕ್ಷಕ ಕೋಶಗಳು ಅದನ್ನು ಹೊರಗಿನ ವಸ್ತುವೆಂದು ತಿಳಿದು ನುಂಗುತ್ತವೆ, ಜೀರ್ಣಿಸಿಕೊಳ್ಳಲಾರದೆ ಹೊಟ್ಟೆಯಲ್ಲಿಟ್ಟುಕೊಂಡು ಕೂರುತ್ತವೆ. ಅವು ಸತ್ತಾಗ ಹೊರಬಿದ್ದ ಶಾಯಿಯನ್ನು ಹೊಸ ಕೋಶಗಳು ಮತ್ತೆ ನುಂಗುತ್ತವೆ ಎಂಬುದನ್ನು ಫ್ರಾನ್ಸಿನ ವಿಜ್ಞಾನಿಗಳು 2018ರಲ್ಲಿ ಇಲಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದರು. ಹಚ್ಚೆ ಅಳಿಯದೆ ಉಳಿಯುವುದಕ್ಕೆ ಈ ಕೈ ಬದಲಾವಣೆಯೇ ಕಾರಣ. ಮೇಲ್ಚರ್ಮವೋ, ಸುಮಾರು ತಿಂಗಳಿಗೊಮ್ಮೆ ಹೊಸದಾಗುತ್ತಲೇ ಇರುತ್ತದೆ. ಆರೈಕೆ ಎನ್ನುವುದೆಲ್ಲ ಈ ಮೇಲ್ಪದರದ ಆರೈಕೆ.

ಮೊದಲ ಪಟ್ಟಿಯನ್ನು ಮರುದಿನ ತೆಗೆದೆ. ಕೈಯನ್ನು ಉಗುರುಬೆಚ್ಚಗಿನ ನೀರಿನ ಕೆಳಗೆ ಹಿಡಿದು, ಒಂದು ಮೂಲೆ ಬಿಡಿಸಿಕೊಂಡು, ಮೇಲಕ್ಕೆ ಕೀಳದೆ ಚರ್ಮದ ಉದ್ದಕ್ಕೂ ಹಿಗ್ಗಿಸುತ್ತಾ ಎಳೆದರೆ ಅಂಟು ತಾನಾಗಿ ಬಿಡುತ್ತದೆ. ತೊಳೆದು ಒಣಗಿಸಿ ಎರಡನೆಯ ಪಟ್ಟಿ ಅಂಟಿಸಿಕೊಂಡೆ, ಅದನ್ನು ಕೆಲವು ದಿನ ಬಿಡಬಹುದು. ಒಂದೇ ಷರತ್ತು: ಅಂಚು ಎದ್ದು ದ್ರವ ಸೋರಿದರೆ ಆ ಕ್ಷಣವೇ ತೆಗೆಯಬೇಕು, ಏಕೆಂದರೆ ಸೋರುವ ದಾರಿಯಲ್ಲೇ ರೋಗಾಣುಗಳು ಒಳಗೆ ಬರುತ್ತವೆ. ಕೆಲವರಿಗೆ ಅಂಟಿಗೇ ಅಲರ್ಜಿಯಾಗಿ ಪಟ್ಟಿಯ ಆಕಾರದಲ್ಲೇ ದದ್ದು ಏಳುವುದುಂಟು. ಅಂಥವರಿಗೆ ಪಟ್ಟಿಯಿಲ್ಲದೆ ತೊಳೆದು ಒಣಗಿಸುವ ಹಳೆಯ ಕ್ರಮವೇ ಸರಿ.

ತೊಳೆಯುವ ನೀರಿನ ವಿಷಯಕ್ಕೆ ಬರೋಣ. ಬೆಂಗಳೂರಿನಲ್ಲಿ ಇದು ಸಣ್ಣ ವಿಷಯವಲ್ಲ. ನಮ್ಮ ಕಟ್ಟಡದ ತೊಟ್ಟಿಯಲ್ಲಿ ಕಾವೇರಿಯೂ ಕೊಳವೆಬಾವಿಯೂ ಕಲೆಯುತ್ತವೆ, ಒಮ್ಮೊಮ್ಮೆ ಟ್ಯಾಂಕರ್ ನೀರೂ ಸೇರುತ್ತದೆ. ಆರಂಭದ ದಿನಗಳಲ್ಲಿ ಕಾಯಿಸಿ ಆರಿಸಿದ ನೀರನ್ನೇ ಚೊಂಬಿನಲ್ಲಿ ಇಟ್ಟುಕೊಳ್ಳುತ್ತಿದ್ದೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸಾಮಾನ್ಯ ಸೋಪಿನ ಜೊತೆ ಸೇರಿದರೆ ನೊರೆ ಬರುವ ಬದಲು ಜಿಡ್ಡಿನ ಕಿಟ್ಟ ಕಟ್ಟುತ್ತದೆ. ಬಕೆಟ್ಟಿನ ಅಂಚಿನಲ್ಲಿ ಬಿಳಿಯಾಗಿ ಕೂರುವುದು ಅದೇ. ಅದು ಗಾಯದ ಮೇಲೆ ಕೂರುವುದು ಬೇಡವೆಂದು ಸುವಾಸನೆಯಿಲ್ಲದ, ಸೋಪಲ್ಲದ ದ್ರವ ಕ್ಲೆನ್ಸರ್ ತಂದುಕೊಂಡೆ. ಬೆರಳ ತುದಿಯಿಂದ ಮೆಲ್ಲಗೆ ಸವರಿ ತೊಳೆಯಬೇಕು. ಬಟ್ಟೆ, ಸ್ಪಂಜು, ತೆಂಗಿನ ನಾರು ಯಾವುದೂ ಬೇಡ. ಒರೆಸುವುದಕ್ಕೆ ಟವೆಲ್ ಕೂಡ ಬೇಡ, ಅದರ ಎಳೆಗಳು ಗಾಯಕ್ಕೆ ಸಿಕ್ಕಿಕೊಳ್ಳುತ್ತವೆ. ಕಾಗದದ ಕರವಸ್ತ್ರದಿಂದ ಒತ್ತಿ ನೀರು ಹೀರಿಸಿ, ಗಾಳಿಗೆ ಹಿಡಿದು ಆರಿಸುತ್ತಿದ್ದೆ.

ಆಮೇಲೆ ಮುಲಾಮು. ಇಲ್ಲಿ ಎಲ್ಲರ ಕೈಯೂ ಧಾರಾಳವಾಗುತ್ತದೆ. ಮುಂಗೈಯ ಅಷ್ಟು ಜಾಗಕ್ಕೆ ಒಂದು ಕಡಲೆಕಾಳಿನಷ್ಟು ಸುವಾಸನೆರಹಿತ ಮಾಯಿಶ್ಚರೈಸರ್ ಸಾಕು. ಹಚ್ಚಿದ ಮೇಲೆ ಚರ್ಮ ಮಿನುಗಬಾರದು, ಮಿನುಗಿದರೆ ಹೆಚ್ಚಾಯಿತೆಂದೇ ಅರ್ಥ. ಪೆಟ್ರೋಲಿಯಂ ಜೆಲ್ಲಿಯನ್ನು ದಪ್ಪಗೆ ಬಳಿದರೆ ಗಾಯ ನೆನೆದು ಮೆತ್ತಗಾಗುತ್ತದೆ, ಹಕ್ಕಳೆ ಅಕಾಲದಲ್ಲಿ ಕಳಚಿ ಶಾಯಿಯನ್ನೂ ಎಳೆದುಕೊಂಡು ಹೋಗಬಹುದು. ಔಷಧಿ ಅಂಗಡಿಯವರು ಕೇಳದೆಯೇ ಕೊಡಲು ಬಂದ ಆ್ಯಂಟಿಬಯೋಟಿಕ್ ಮುಲಾಮನ್ನು ಹಿಂದಿರುಗಿಸಿದೆ. ನಂಜಿಲ್ಲದ ಗಾಯಕ್ಕೆ ಅದು ಬೇಕಿಲ್ಲ, ಅಂಥ ಮುಲಾಮುಗಳಲ್ಲಿರುವ ನಿಯೋಮೈಸಿನ್ ಹಲವರ ಚರ್ಮಕ್ಕೆ ಆಗಿಬರುವುದೂ ಇಲ್ಲ.

ಅತ್ತೆಯವರ ಔಷಧಿ ಬೇರೆಯೇ ಇತ್ತು: ಅರಿಶಿನ, ಹರಳೆಣ್ಣೆ. ಅವರ ತಾಯಿಗೆ ಊರಿನ ಜಗುಲಿಯ ಮೇಲೆ ಹಚ್ಚೆ ಹಾಕಿದ ಹೆಂಗಸು ಹಚ್ಚಿದ್ದೂ ಅದನ್ನೇ ಅಂತೆ, ತೊಂಬತ್ತು ದಾಟಿದರೂ ಆ ಹಚ್ಚೆ ಕೈಮೇಲೆ ಹಾಗೇ ಇತ್ತಂತೆ. ವಾದ ಮಾಡುವಂತಿರಲಿಲ್ಲ. ಆದರೆ ಡಬ್ಬಿಯ ಅರಿಶಿನ ಎಷ್ಟು ಕೈ ದಾಟಿ ಬಂದಿದೆಯೋ, ಅದರಲ್ಲಿ ಏನೇನು ಬೆರೆತಿದೆಯೋ. ಅದರ ಪುಡಿ ಗಾಯದೊಳಗೆ ಕೂತರೆ ತೆಗೆಯುವುದು ಹೇಗೆ? ಅರಿಶಿನವನ್ನು ಒಪ್ಪಲಿಲ್ಲ. ಬದನೆಕಾಯಿ ತಿಂದರೆ ನಂಜು ಎಂದು ಅವರು ಹೇಳಿದ ಪಥ್ಯವನ್ನು ಮಾತ್ರ ಮರುಮಾತಿಲ್ಲದೆ ಪಾಲಿಸಿದೆ. ಹಚ್ಚೆಗೂ ಬದನೆಕಾಯಿಗೂ ಸಂಬಂಧವಿಲ್ಲ, ಮನೆಯ ಶಾಂತಿಗೆ ಇದೆ.

ಪಟ್ಟಿ ತೆಗೆದ ಮೇಲಿನ ದಿನಗಳು ನಿಜವಾದ ಪರೀಕ್ಷೆ. ಹಚ್ಚೆ ಹಾಕಿಸಿಕೊಳ್ಳುವ ಜಾಗವನ್ನು ಆರಿಸುವಾಗ ಅಂದವನ್ನು ಯೋಚಿಸುವಂತೆ ದಿನಚರಿಯನ್ನೂ ಯೋಚಿಸಬೇಕು. ನನ್ನದು ಲೆಕ್ಕಪತ್ರದ ಕೆಲಸ. ಕಂಪ್ಯೂಟರ್ ಮುಂದೆ ಕುಳಿತರೆ ಮುಂಗೈಯ ಒಳಬದಿ ಮೇಜಿನ ಅಂಚಿಗೆ ತಗುಲುತ್ತದೆ. ಎಡಗೈಗೆ ಹಾಕಿಸಿಕೊಂಡಿದ್ದರಿಂದ ಮೌಸ್ ಹಿಡಿಯುವ ಕೈ ಬಚಾವು. ಎಡಗೈ ಅಡಿಗೆ ಶುಭ್ರವಾದ ಹತ್ತಿ ಬಟ್ಟೆ ಮಡಿಸಿ, ಮಣಿಕಟ್ಟು ಮಾತ್ರ ಊರುವಂತೆ ಇಟ್ಟುಕೊಂಡೆ. ಸ್ಕೂಟರ್ ಓಡಿಸುವ ಹೆಂಗಸರೆಲ್ಲ ಬಿಸಿಲಿಗೆಂದು ತೊಡುವ ಬಿಗಿ ತೋಳುಚೀಲವನ್ನು ಆ ವಾರಗಳಲ್ಲಿ ಮುಟ್ಟಲಿಲ್ಲ. ಅದು ಉಜ್ಜುತ್ತದೆ, ಬೆವರು ಹಿಡಿದಿಡುತ್ತದೆ. ಯಜಮಾನರ ಹಳೆಯ, ಸಡಿಲವಾದ ತುಂಬುತೋಳಿನ ಹತ್ತಿ ಅಂಗಿಯೊಂದನ್ನು ಮೇಲೆ ಹಾಕಿಕೊಂಡು ಹೋಗುತ್ತಿದ್ದೆ. ಅಗೆದ ರಸ್ತೆಗಳ ಧೂಳಿಗೂ ಅದೇ ಮರೆ.

ಅಡುಗೆಮನೆಯಲ್ಲಿ ಒಗ್ಗರಣೆಯ ಸಾಸಿವೆ ಸಿಡಿಯುವುದು ಎಡಗೈಗೇ ಎಂದು ಹಚ್ಚೆ ಬಂದ ಮೇಲೆ ತಿಳಿಯಿತು. ಪಾತ್ರೆ ತೊಳೆಯುವ ನೀರಿನಲ್ಲಿ ಗಾಯವನ್ನು ನೆನೆಸುವಂತಿಲ್ಲ, ರಬ್ಬರ್ ಕೈಚೀಲದೊಳಗೆ ಬೆವರುವಂತೆಯೂ ಇಲ್ಲ. ಪಾತ್ರೆಗಳ ಜವಾಬ್ದಾರಿ ಯಜಮಾನರಿಗೆ ವರ್ಗಾವಣೆಯಾಯಿತು. ಆ ಆದೇಶವನ್ನು ಇನ್ನೂ ಹಿಂಪಡೆದಿಲ್ಲ.

ರಾತ್ರಿ ಗಾಯ ಹಾಸಿಗೆಗೆ ಅಂಟಿಕೊಂಡರೆ ಎಳೆಯಬಾರದು. ಬಟ್ಟೆಯ ಸಮೇತ ಎದ್ದು ಹೋಗಿ, ನೀರು ಹನಿಸಿ, ತಾನಾಗಿ ಬಿಡುವ ತನಕ ಕಾಯಬೇಕು.

ಮೊದಲ ವಾರ ಕಳೆಯುತ್ತಿದ್ದಂತೆ ಹಚ್ಚೆ ಬಿಗಿಯತೊಡಗಿತು, ಹಿಂದೆಯೇ ತುರಿಕೆ ಬಂತು. ಗೆರೆಗಳ ಜಾಗದಲ್ಲಿ ತೆಳು ಪೊರೆ ಬಿಳಿಚಿಕೊಂಡು ಅಂಚು ಸುರುಳಿ ಕಟ್ಟಿತು. ಚುಕ್ಕಿಗಳ ಮೇಲಿನ ಹಕ್ಕಳೆಗಳು ರಾಗಿ ಕಾಳಿನ ಹಾಗೆ ಒಂದೊಂದಾಗಿ ಎದ್ದು ನಿಂತವು. ಕೆಲವು ಒಂದು ಬದಿ ಬಿಟ್ಟು ಇನ್ನೊಂದು ಬದಿಗೆ ಜೋತಾಡುತ್ತಿದ್ದವು, ಉಗುರು ತಾಗಿಸಿದರೆ ಬರುವಂತೆ. ಹಾಗೆ ಜೋತಾಡುವ ಹಕ್ಕಳೆಯನ್ನು ಬಿಟ್ಟುಬಿಡುವುದೇ ಇಡೀ ಆರೈಕೆಯಲ್ಲಿ ಕಷ್ಟದ ಕೆಲಸ. ಬೇರೆಲ್ಲಕ್ಕೂ ಅಂಗಡಿಯಲ್ಲಿ ಏನಾದರೂ ಸಿಗುತ್ತದೆ, ಇದಕ್ಕೆ ಸಿಗುವುದಿಲ್ಲ. ಅಡಿಯಲ್ಲಿ ಇನ್ನೂ ಕೂಡಿಕೊಳ್ಳದ ಚರ್ಮವಿರುತ್ತದೆ. ಕಿತ್ತರೆ ಅಲ್ಲಿನ ಶಾಯಿಯೂ ಬಂದು ಚುಕ್ಕಿಯ ನಡುವೆ ತೂತು ಉಳಿಯುತ್ತದೆ. ಬಳ್ಳಿ ರಂಗೋಲಿಯಲ್ಲಾದರೆ ತಿಳಿಯಲಿಕ್ಕಿಲ್ಲ, ಚುಕ್ಕಿ ರಂಗೋಲಿಯಲ್ಲಿ ಒಂದು ಚುಕ್ಕಿ ತಪ್ಪಿದರೂ ಕಣ್ಣು ಅಲ್ಲಿಗೇ ಹೋಗುತ್ತದೆ. ತುರಿಕೆ ತಡೆಯಲಾರದೆ ಹೋದಾಗ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯನ್ನು ಸ್ವಲ್ಪ ಹೊತ್ತು ಇಟ್ಟು, ಆರಿದ ಮೇಲೆ ತೆಳುವಾಗಿ ಮುಲಾಮು ಸವರುತ್ತಿದ್ದೆ. ಉಗುರುಗಳನ್ನು ಬುಡಕ್ಕೆ ಕತ್ತರಿಸಿಕೊಂಡಿದ್ದೆ, ನಿದ್ದೆಯಲ್ಲಿ ಕೈ ಏನು ಮಾಡುತ್ತದೆಂದು ಯಾರು ಬಲ್ಲರು?

ಪರಿಷೆ ಬಂದದ್ದು ಈ ಘಟ್ಟದಲ್ಲೇ. ಬುಲ್ ಟೆಂಪಲ್ ರಸ್ತೆಯ ನೂಕುನುಗ್ಗಲಿಗೆ ಇಳಿಯದೆ ಇರಲು ಮನಸ್ಸು ಒಪ್ಪಲಿಲ್ಲ. ಬೆಳಿಗ್ಗೆ ಜನ ಸೇರುವ ಮೊದಲು ತುಂಬುತೋಳು ತೊಟ್ಟು ಹೋಗಿ, ಹಸಿ ಕಡಲೆಕಾಯಿ ಕೊಂಡು ಬಂದು, ಮನೆಗೆ ಬಂದ ಕೂಡಲೇ ಕೈ ತೊಳೆದೆ. ನೋಡಿದವರು ಮುಟ್ಟಲು ಬರುತ್ತಾರೆ, ಅದಕ್ಕೆ ಸಿದ್ಧರಿರಬೇಕು. "ಇನ್ನೂ ಗಾಯ" ಎಂದರೆ ಹಿಂದೆ ಸರಿಯುತ್ತಾರೆ, "ಇನ್ನೂ ಹೊಸದು" ಎಂದರೆ ಇನ್ನಷ್ಟು ಹತ್ತಿರ ಬರುತ್ತಾರೆ.

ಹಕ್ಕಳೆ ಉದುರಿದ ಮೇಲೆ ಹಚ್ಚೆ ಮಂಕಾಗಿ ಕಂಡಿತು. ಮೇಲೆ ಹೊಸ ಚರ್ಮದ ಹೊಳೆಯುವ ಪೊರೆ, ಅದರ ಅಡಿಯಲ್ಲಿ ಬೂದು ಬಣ್ಣದ ಚುಕ್ಕಿ. ಇದನ್ನು ಕಂಡು ಶಾಯಿ ಹೋಯಿತೆಂದು ಮತ್ತೆ ಚುಚ್ಚಿಸಿಕೊಳ್ಳಲು ಓಡುವವರಿದ್ದಾರೆ. ಒಂದೂವರೆ ತಿಂಗಳಾದರೂ ಕಾಯದೆ ತೀರ್ಪು ಕೊಡಬಾರದು. ನನ್ನದು ತಾನಾಗಿ ತಿಳಿಯಾಯಿತು. ಮಣಿಕಟ್ಟಿನ ಮಡಿಕೆಯ ಬಳಿ ಮಾತ್ರ ಎರಡು ಚುಕ್ಕಿ ತೆಳುವಾಗಿ ಉಳಿದವು, ಚರ್ಮ ಸದಾ ಮಡಚುವ ಜಾಗಗಳಲ್ಲಿ ಅದು ಸಾಮಾನ್ಯ. ಅವನ್ನು ಆಮೇಲೆ ತುಂಬಿಸಿಕೊಂಡೆ.

ಇಲ್ಲಿನ ಹವೆ ತಂಪಾಗಿದೆಯೆಂದು ಬಿಸಿಲನ್ನು ಹಗುರವಾಗಿ ಕಾಣುವಂತಿಲ್ಲ. ನಗರವಿರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ಎತ್ತರ ಸಾವಿರ ಮೀಟರ್ ಏರಿದರೆ ಅತಿನೇರಳೆ ಕಿರಣ ಹತ್ತು ಶೇಕಡಕ್ಕೂ ಹೆಚ್ಚು ತೀಕ್ಷ್ಣವಾಗುತ್ತದೆ. ಬಿಸಿಲು ಶಾಯಿಯನ್ನು ಮಂಕಾಗಿಸುತ್ತದೆ. ಆದರೆ ಮಾಯದ ಗಾಯದ ಮೇಲೆ ಸನ್‌ಸ್ಕ್ರೀನ್ ಹಚ್ಚಬಾರದು, ಅಲ್ಲಿಯ ತನಕ ಬಟ್ಟೆಯೇ ಮರೆ. ಚರ್ಮ ಪೂರ್ತಿ ಕೂಡಿದ ಮೇಲೆ ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನದನ್ನು ಹಚ್ಚುತ್ತಿದ್ದೇನೆ. ಈಜುಕೊಳವನ್ನೂ ಅಲ್ಲಿಯ ತನಕ ದೂರವಿಟ್ಟಿದ್ದೆ.

ಮೊದಲ ಎರಡು ಮೂರು ದಿನ ಕೆಂಪಾಗಿ, ಮುಟ್ಟಿದರೆ ಬಿಸಿಯಾಗಿರುವುದು ಸಹಜ, ಅದು ದಿನದಿಂದ ದಿನಕ್ಕೆ ಇಳಿಯಬೇಕು. ಕೆಂಪು ಹರಡುತ್ತಾ ಹೋದರೆ, ನೋವು ಏರಿದರೆ, ಕೀವು ಕಂಡರೆ, ಜ್ವರ ಬಂದರೆ ಅಥವಾ ಗಾಯದಿಂದ ಕೆಂಪು ಗೆರೆ ತೋಳಿನ ಮೇಲಕ್ಕೆ ಹೊರಟರೆ ಹಚ್ಚೆ ಹಾಕಿದವರಿಗೆ ಫೋಟೊ ಕಳಿಸಿ ಉತ್ತರಕ್ಕೆ ಕಾಯುತ್ತಾ ಕೂರಬಾರದು. ಅದು ವೈದ್ಯರ ಕೆಲಸ. ವಿಕ್ಟೋರಿಯಾ, ಬೌರಿಂಗ್ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗವೇ ಇದೆ.

ಇನ್ನೊಂದು ವಿಷಯವನ್ನು ಅಂಗಡಿಗಳಲ್ಲಿ ಹೇಳುವುದು ಕಡಿಮೆ. ನಮ್ಮ ಕಚೇರಿಯಲ್ಲಿ ವರ್ಷಕ್ಕೊಮ್ಮೆ ರಕ್ತದಾನ ಶಿಬಿರ ನಡೆಯುತ್ತದೆ, ನಾನು ತಪ್ಪದೆ ಕೊಡುವವಳು. ಹಚ್ಚೆ ಹಾಕಿಸಿಕೊಂಡವರು ಹನ್ನೆರಡು ತಿಂಗಳು ರಕ್ತ ಕೊಡುವಂತಿಲ್ಲ ಎಂಬುದು ನಮ್ಮ ದೇಶದ ನಿಯಮ, ಸೂಜಿಯ ಮೂಲಕ ಹೆಪಟೈಟಿಸ್‌ನಂತಹ ಸೋಂಕು ತಗುಲಿರಬಹುದೆಂಬ ಮುನ್ನೆಚ್ಚರಿಕೆ ಅದು. ಹೊರಗೆ ಗಾಯ ಮಾಯ್ದು ಎಷ್ಟು ದಿನವಾಗಿದ್ದರೂ ಲೆಕ್ಕಕ್ಕಿಲ್ಲ, ಆ ಎರಡು ಚುಕ್ಕಿ ತುಂಬಿಸಿಕೊಂಡದ್ದೂ ಸೂಜಿಯೇ ಆದ್ದರಿಂದ ನನ್ನ ವರ್ಷ ಆರಂಭವಾಗುವುದು ಆ ದಿನದಿಂದ. ಈ ಸಲದ ಶಿಬಿರದಲ್ಲಿ ಹೆಸರು ಬರೆದುಕೊಳ್ಳುವ ಮೇಜಿನ ಕೆಲಸ ಒಪ್ಪಿಕೊಂಡಿದ್ದೇನೆ.